ಉಪಚಾರಕ್ಕೆ ಬೇಡವೆಂದ ಸೀಟು

ಬೇಕಾದದ್ದನ್ನು ಬೇಕು ಎಂದು ಬಾಯಿಬಿಟ್ಟು ಹೇಳುವುದು ನಮ್ಮ ಮೈಸೂರಿನವರಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಯಾರದಾದರೂ ಮನೆಗೆ ಹೋದಾಗ "ಕಾಫಿ ಕುಡೀತೀರಾ?" ಎಂದು ಕೇಳಿದರೆ "ಅಯ್ಯೋ ಬೇಡ, ಈಗತಾನೇ ಆಯ್ತು" ಎನ್ನುವುದು ನಮ್ಮ ಧರ್ಮ. ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಒಳಗೆ ಹೋಗಿ ಕಾಫಿ ಬೆರೆಸಿ ತರುವುದು ಅವರ ಧರ್ಮ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತೇವೆ. ಬೆರಳುಗಳ ನಡುವೆ ಮಾತ್ರ ಒಂದು ಹೋಳಿಗೆ ಜಾರುವಷ್ಟು ಜಾಗ ಬಿಟ್ಟಿರುತ್ತೇವೆ. ಚಾಮರಾಜಪುರಂನಲ್ಲಿದ್ದ ನಮ್ಮ ಚಿಕ್ಕಮ್ಮ ಒಮ್ಮೆ ಹಾಲು ಒಡೆದುಹೋಗಿದ್ದರಿಂದ ಬಂದವರ "ಬೇಡ"ವನ್ನು ನಿಜವೆಂದೇ ನಂಬಿದಂತೆ ನಟಿಸಿ ಸುಮ್ಮನಾಗಿದ್ದರು. "ಒಂದೇ ಸಲ ಕೇಳಿ ಬಿಟ್ಟುಬಿಟ್ಟರಲ್ಲ" ಎಂದು ಆ ಬಂಧುಗಳು ಮುಂದೆ ಎಷ್ಟೋ ಮದುವೆ ಮುಂಜಿಗಳಲ್ಲಿ ಚಿಕ್ಕಮ್ಮನ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದರು. ಇಂಥ ಸಂಸ್ಕಾರವನ್ನು ರೇಷ್ಮೆ ಸೀರೆಗಳ ಜೊತೆಗೆ ಮಡಿಸಿಟ್ಟುಕೊಂಡು ಅಮೆರಿಕಕ್ಕೆ ಬಂದವಳು ನಾನು. ಎಪ್ಪತ್ತರ ದಶಕದ ಮೊದಲ ಭಾಗದ ಒಂದು ಆಗಸ್ಟ್ ತಿಂಗಳಲ್ಲಿ ಅದು ನನ್ನ ವಿಶ್ವವಿದ್ಯಾಲಯದ ಸೀಟನ್ನೇ ನುಂಗಿ ನೀರು ಕುಡಿಯುವುದರಲ್ಲಿತ್ತು.

ಆಗ ನಾವಿದ್ದದ್ದು ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿ. ಇವತ್ತು ನೋವೈ ಎಂದರೆ ದೇವಸ್ಥಾನ, ಕರಿಬೇವು, ಬಡಾವಣೆಗಳ ತುಂಬ ನಮ್ಮವರೇ. ಆಗ ನೋವೈ ಎಂದರೆ ಮುಸುಕಿನ ಜೋಳದ ಹೊಲ, ಅದರ ಪಕ್ಕದಲ್ಲಿ ನಮ್ಮ ಅಪಾರ್ಟ್‌ಮೆಂಟು, ಅದರ ಕಿಟಕಿಯಲ್ಲಿ ನಾನು. ನನ್ನ ಯಜಮಾನರು ಕಾರು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ನಮಗಿದ್ದ ಒಂದೇ ಕಾರೂ ಅವರ ಜೊತೆಗೇ ಹೋಗಿ ಅವರ ಜೊತೆಗೇ ಬರುತ್ತಿತ್ತು. ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ.ಗೆ ಸೇರುವ ಹೊತ್ತಿಗೆ ಮದುವೆಯಾಗಿ ಇಲ್ಲಿಗೆ ಬಂದಿದ್ದೆ. ಎಲೆಯಿಲ್ಲದ ಮರಗಳನ್ನೂ ಹಿಮವನ್ನೂ ನೋಡುತ್ತ ಎರಡು ಚಳಿಗಾಲ ಕಳೆದ ಮೇಲೆ ಒಂದು ದಿನ ಅಡಿಗೆಮನೆಯಲ್ಲಿ ಕಾರಣವೇ ಇಲ್ಲದೆ ಜೋರಾಗಿ ಅತ್ತುಬಿಟ್ಟೆ. ಅಳುತ್ತಿರುವಾಗಲೇ ಕಾರಣ ಹೊಳೆಯಿತು. ನನಗೆ ಓದಬೇಕಿತ್ತು. ಮೈಕ್ರೋಸ್ಕೋಪಿನ ಮುಂದೆ ಕೂರಬೇಕಿತ್ತು. ಯಾರದೋ ಮಿಸೆಸ್ ಆಗಿ ಅಲ್ಲದೆ ನಾನಾಗಿಯೇ ಒಂದು ಬಾಗಿಲಿನೊಳಗೆ ಹೋಗಬೇಕಿತ್ತು.

ಆನ್ ಆರ್ಬರಿನ ವಿಶ್ವವಿದ್ಯಾಲಯಕ್ಕೆ ಅಪ್ಲೈ ಮಾಡಿದೆ. ತಡವಾಗಿ ಮಾಡಿದ್ದರಿಂದ ವೇಟಿಂಗ್ ಲಿಸ್ಟಿನಲ್ಲಿ ಹಾಕಿದರು. ತರಗತಿಗಳು ಶುರುವಾಗುವ ಮೊದಲು ಯಾರಾದರೂ ಸೀಟು ಬಿಟ್ಟರೆ ಫೋನು ಮಾಡುತ್ತೇವೆ ಎಂದರು. ಅಂದಿನಿಂದ ನನ್ನ ಲೋಕವೆಲ್ಲ ಅಡಿಗೆಮನೆಯ ಗೋಡೆಗೆ ತೂಗುಹಾಕಿದ್ದ ಆ ಹಳದಿ ಫೋನೇ ಆಗಿಹೋಯಿತು. ಸ್ನಾನಕ್ಕೆ ಹೋದರೆ ನೀರಿನ ಸದ್ದಿನಲ್ಲಿ ಫೋನಿನ ಸದ್ದು ಕೇಳಿಸಿ ಟವೆಲ್ ಸುತ್ತಿಕೊಂಡು ಓಡಿಬರುತ್ತಿದ್ದೆ. ಬಟ್ಟೆ ಒಗೆಯಲು ನೆಲಮಾಳಿಗೆಯ ಲಾಂಡ್ರಿಗೆ ಇಳಿಯುವುದನ್ನೇ ಬಿಟ್ಟೆ. ಇವರು ಒಂದೇ ಶರ್ಟನ್ನು ಮಗುಚಿ ಮಗುಚಿ ಹಾಕಿಕೊಂಡು ಆಫೀಸಿಗೆ ಹೋಗಿ, "ಸೀಟ್ ಬೇಗ ಸಿಗಲಿ ಕಣೆ, ನನ್ನ ಪಕ್ಕದಲ್ಲಿ ಯಾರೂ ಕೂತ್ಕೊಳ್ತಿಲ್ಲ" ಎಂದು ಗೋಗರೆದರು.

ಕೊನೆಗೂ ಒಂದು ದಿನ, ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು. ಸೌಟು ಹಿಡಿದುಕೊಂಡೇ ಎತ್ತಿದೆ. ಆ ಕಡೆ ಅಡ್ಮಿಷನ್ ಆಫೀಸಿನ ಮಿಸೆಸ್ ಕೋಲ್ ಎಂಬ ಹೆಂಗಸು. ಜೇನು ಸುರಿದಂಥ ದನಿ. ಒಬ್ಬ ವಿದ್ಯಾರ್ಥಿ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋಗಿದ್ದಾನೆ, ಸಸ್ಯಶಾಸ್ತ್ರದಲ್ಲಿ ಒಂದು ಸೀಟು ತೆರವಾಗಿದೆ, ನಿಮಗೆ ಈಗಲೂ ಬೇಕೇ ಎಂದು ಕೇಳಿದರು. ಓದುಗರೇ, ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ ಅದು ಆ ಕಡೆಯವರಿಗೂ ಕೇಳಿಸಿರಬೇಕು. ಮೈಯೆಲ್ಲ ಬೇಕು ಬೇಕು ಎನ್ನುತ್ತಿತ್ತು. ಆದರೆ ನಾಲಿಗೆ ಮೈಸೂರಿನದು. ಅದು ನನ್ನನ್ನು ಒಂದು ಮಾತೂ ಕೇಳದೆ ಇಂಗ್ಲಿಷಿನಲ್ಲಿ, "ಅಯ್ಯೋ ಬೇಡ ಬೇಡ, ನನಗೋಸ್ಕರ ನೀವೇಕೆ ತೊಂದರೆ ತೆಗೆದುಕೊಳ್ಳುತ್ತೀರಿ? ನನಗಿಂತ ಬೇಕಾದವರು ಎಷ್ಟೋ ಜನ ಇರುತ್ತಾರೆ" ಎಂದುಬಿಟ್ಟಿತು.

"ನಿಜವಾಗಿಯೂ?" ಎಂದರು ಮಿಸೆಸ್ ಕೋಲ್. ಆಹಾ, ಒತ್ತಾಯ ಶುರುವಾಯಿತು ಎಂದು ನನಗೆ ಹಿಗ್ಗು. ಮೊದಲ ಒತ್ತಾಯಕ್ಕೇ ಒಪ್ಪಿಕೊಂಡರೆ ಹಪಹಪಿಸುತ್ತಿದ್ದಳು ಅಂದುಕೊಳ್ಳುವುದಿಲ್ಲವೇ? "ಪರವಾಗಿಲ್ಲ ಬಿಡಿ" ಎಂದೆ ಇನ್ನಷ್ಟು ನಯವಾಗಿ. "ತಿಳಿಸಿದ್ದಕ್ಕೆ ತುಂಬ ಥ್ಯಾಂಕ್ಸ್. ನಿಮ್ಮ ದಿನ ಚೆನ್ನಾಗಿರಲಿ" ಎಂದು ಆಕೆ ಫೋನಿಟ್ಟರು. ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡು, ಇನ್ನೇನು ಮುಂದಿನ ಒತ್ತಾಯ ಬರುತ್ತದೆ ಎಂದು ಕಾಯುತ್ತ ನಿಂತೇ ಇದ್ದೆ. ಒಲೆಯ ಮೇಲೆ ಸಾಸಿವೆ ಸೀದು ಮನೆಯೆಲ್ಲ ಹೊಗೆಯಾಯಿತು.

ಒಲೆ ಆರಿಸಿ ಆಫೀಸಿಗೆ ತಿರುಗಿ ಫೋನು ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಹಾಗಾದರೆ ಲಿಸ್ಟಿನಲ್ಲಿ ನನ್ನ ನಂತರದವರ ಜೊತೆ ಮಾತಾಡುತ್ತಿದ್ದಾರೆ! ಇವರಿಗೆ ಫೋನು ಮಾಡಿದೆ. ಮೀಟಿಂಗಿನಿಂದ ಎದ್ದು ಬಂದ ಇವರು ನನ್ನ ಅಳುವನ್ನೆಲ್ಲ ಕೇಳಿ, "ಎಷ್ಟು ಸಲ ಬೇಡ ಅಂದೆ?" ಎಂದರು.

"ಎರಡು ಸಲ ರೀ."

"ಅಷ್ಟೇ ತಾನೆ? ಹಾಗಾದ್ರೆ ಇನ್ನೊಂದು ಸಲ ಕೇಳೇ ಕೇಳ್ತಾರೆ ಬಿಡು. ನೀನು ಫೋನ್ ಫ್ರೀ ಇಡು" ಎಂದು ಧೈರ್ಯ ಹೇಳಿ ಮೀಟಿಂಗಿಗೆ ಹೊರಟುಹೋದರು. ಅವರೂ ಮೈಸೂರಿನವರೇ. ಹಿಂದಿನ ಚಳಿಗಾಲದಲ್ಲಿ ಕಾರು ಕೆಟ್ಟು ಗ್ಯಾರೇಜಿನಲ್ಲಿದ್ದ ದಿನ, ಹಿಮ ಸುರಿಯುತ್ತಿದ್ದಾಗ ಇವರ ಬಾಸು ಮನೆಗೆ ಬಿಡಲೇ ಎಂದು ಕೇಳಿದ್ದಕ್ಕೆ "ಬೇಡ, ನನಗೆ ನಡೆಯುವುದು ಇಷ್ಟ" ಎಂದು ಹೇಳಿ, ಆ ಕಾರು ಕಣ್ಮರೆಯಾಗುವವರೆಗೂ ಅದು ಹಿಂದಕ್ಕೆ ಬರುತ್ತದೆಂದು ಕಾದಿದ್ದ ಮಹಾನುಭಾವರು.

ಇನ್ನು ಉಳಿದಿದ್ದವರು ಗಂಗಕ್ಕ ಒಬ್ಬರೇ. ಧಾರವಾಡದವರು. ಅವರ ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರು. ಮನೆ ನಮ್ಮ ಮೇಲಿನ ಮಹಡಿ. ಅವರಿಗೆ ಸ್ವಂತದ ಸ್ಟೇಷನ್ ವ್ಯಾಗನ್ನೂ ಇತ್ತು, ಸ್ವಂತದ ಅಭಿಪ್ರಾಯಗಳೂ ಇದ್ದವು. ಮೆಟ್ಟಿಲು ಹತ್ತಿ ಓಡಿ ನಡೆದದ್ದನ್ನು ಹೇಳಿದೆ.

"ಬ್ಯಾಡ ಅಂದ್ಯಾ?" ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟರು. "ತಿಂಗಳಾನುಗಟ್ಟಲೆ ಫೋನಿನ ಮುಂದ ಕುಂತು, ಬಂದ ಕೂಡಲೆ ಬ್ಯಾಡ ಅಂದ್ಯಾ? ಹುಚ್ಚಿ ಇದ್ದೀಯೇನವಾ?"

"ಅದು ಉಪಚಾರಕ್ಕೆ ಗಂಗಕ್ಕ..."

"ನಿಮ್ಮ ಉಪಚಾರಕ್ಕ ಬೆಂಕಿ ಹಚ್ಚಲಿ. ನಡಿ, ಗಾಡಿ ಹತ್ತು."

ಸೀರೆ ಬದಲಿಸುತ್ತೇನೆ ಎಂದೆ, ಬಿಡಲಿಲ್ಲ. ಹಾಗೇ ಅರಿಸಿನದ ಕೈ, ಒಗ್ಗರಣೆ ಸಿಡಿದ ಸೀರೆ, ಕಾಲಿಗೆ ಬಾತ್‌ರೂಮಿನ ಚಪ್ಪಲಿ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಗಂಗಕ್ಕ ಫ್ರೀವೇ ಹತ್ತಿದರು. ಅವರು ಗಾಡಿ ಓಡಿಸುವಾಗ ಪಕ್ಕದ ಲೇನಿನವರು ತಾವಾಗಿಯೇ ದಾರಿ ಬಿಡುತ್ತಿದ್ದರು. ದಾರಿಯುದ್ದಕ್ಕೂ ನನಗೆ ಪಾಠ. "ಈಗ ನಾನ ಆ ಆಫೀಸಿನ ಬಾಯಾರು ಅಂತ ತಿಳಕೋ. ಕೇಳ್ತೀನಿ, ಉತ್ತರ ಹೇಳು. ನಿಮಗ ಸೀಟ್ ಬೇಕೇನ್ರಿ?"

"ನಿಮಗೇನೂ ತೊಂದರೆ ಇಲ್ಲದಿದ್ದರೆ..." ಎಂದೆ.

"ಮತ್ತ!" ಗಂಗಕ್ಕ ಸ್ಟಿಯರಿಂಗ್ ಕುಟ್ಟಿದ ರಭಸಕ್ಕೆ ಹಾರ್ನ್ ಮೊಳಗಿತು, ಮುಂದೆ ಹೋಗುತ್ತಿದ್ದ ಟ್ರಕ್ಕಿನವನು ಹೆದರಿ ಬದಿಗೆ ಸರಿದ. "ಯೆಸ್ ಅನ್ನು. ಅಷ್ಟ. ಹಿಂದಿಲ್ಲ ಮುಂದಿಲ್ಲ. ಇನ್ನೊಮ್ಮೆ. ಸೀಟ್ ಬೇಕೇನ್ರಿ?"

"ಯೆಸ್... ಆದರೆ..."

"ಆದರ ಗೀದರ ಅಂದ್ರ ಇಲ್ಲೇ ಇಳಿಸಿ ಹೋಗ್ತೀನಿ ನೋಡು!"

ಆನ್ ಆರ್ಬರಿನ ಎಕ್ಸಿಟ್ ಬರುವ ಹೊತ್ತಿಗೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಯೆಸ್ ಯೆಸ್ ಎಂದು ಕೂಗುವ ಮಟ್ಟಕ್ಕೆ ತಯಾರಾಗಿದ್ದೆ. ನಿಜ ಹೇಳಬೇಕೆಂದರೆ ಭಯದ ಜೊತೆಗೆ ಎಂಥದೋ ಮಜವೂ ಬರುತ್ತಿತ್ತು. ಅಷ್ಟು ಜೋರಾಗಿ ನಾನು ಜೀವಮಾನದಲ್ಲಿ ಏನನ್ನೂ ಕೇಳಿರಲಿಲ್ಲ.

ಅಡ್ಮಿಷನ್ ಆಫೀಸಿನ ಬಾಗಿಲು ತಳ್ಳಿಕೊಂಡು ನುಗ್ಗಿದೆವು. ಬೆಳ್ಳಿ ಕೂದಲಿನ ಮಿಸೆಸ್ ಕೋಲ್ ಕಿವಿಗೆ ಫೋನು ಹಿಡಿದು ಕೂತಿದ್ದರು. ನನ್ನ ನಂತರದವನು ಇಷ್ಟು ಹೊತ್ತಾದರೂ ಫೋನು ಎತ್ತಿರಲಿಲ್ಲವಂತೆ. ಅವನಿಗೆ ಇನ್ನೊಂದು ಸಲ ಪ್ರಯತ್ನಿಸುತ್ತಿದ್ದರು. ರಿಂಗಾಗುವುದು ನನಗೂ ಸಣ್ಣಗೆ ಕೇಳಿಸುತ್ತಿತ್ತು. ಪಾಪ, ಯಾರೋ ಏನೋ, ಬಟ್ಟೆ ಒಗೆಯಲು ಹೋಗಿರಬೇಕು. ಎತ್ತಬೇಡಪ್ಪಾ, ಎತ್ತಬೇಡ ಎಂದು ನಾನು ಮೈಸೂರಿನ ಅಷ್ಟೂ ದೇವರುಗಳನ್ನು ನೆನೆದೆ. ಆಕೆ ನಿಟ್ಟುಸಿರುಬಿಟ್ಟು ಫೋನಿಟ್ಟು ನಮ್ಮ ಕಡೆ ನೋಡಿದರು. ನನ್ನ ಹೆಸರು ಹೇಳಿದೆ. "ಆದರೆ ನೀವು ಬೇಡ ಎಂದಿರಲ್ಲ?" ಎಂದರು, ದಿಕ್ಕುತೋಚದೆ.

ನಾನು ಬಾಯಿ ತೆರೆಯುವ ಮೊದಲೇ ಗಂಗಕ್ಕ ಮೇಜಿನ ಮೇಲೆ ಎರಡೂ ಕೈಯೂರಿ ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ ಶುರುಮಾಡಿದರು. "ಮೇಡಂ, ಇವರು ಮೈಸೂರಿನವರು. ಮೈಸೂರಿನವರು ಬೇಡ ಎಂದರೆ ಅದು ಬೇಡ ಅಲ್ಲ. ಮೂರು ಸಲ ಕೇಳಬೇಕು. ನೀವು ಮೂರನೆಯ ಸಲ ಕೇಳಲಿಲ್ಲ." ಇಷ್ಟು ಹೇಳಿ, ತಪ್ಪು ಮಿಸೆಸ್ ಕೋಲ್ ಅವರದೇ ಎಂಬಂತೆ ಗಂಗಕ್ಕ ಅವರನ್ನು ದಿಟ್ಟಿಸಿದರು. ಆಕೆ ನನ್ನ ಅರಿಸಿನದ ಕೈ ನೋಡಿದರು, ಚಪ್ಪಲಿ ನೋಡಿದರು, ಮುಖ ನೋಡಿದರು. ಆಮೇಲೆ ಎದ್ದು, ವಿಭಾಗದ ಮುಖ್ಯಸ್ಥರು ಒಪ್ಪಿದರೆ ಸೀಟು ಇನ್ನೂ ಇದೆ ಎಂದು ನಮ್ಮನ್ನು ಪಕ್ಕದ ಕಟ್ಟಡಕ್ಕೆ ಕರೆದುಕೊಂಡು ಹೋದರು.

ಮುಖ್ಯಸ್ಥರು ಉದ್ದ ಗಡ್ಡದ ಪ್ರೊಫೆಸರು. ಮೂರು ಸಲ ಕೇಳುವ ಪದ್ಧತಿಯನ್ನು ಮಿಸೆಸ್ ಕೋಲ್ ವಿವರಿಸುತ್ತಿದ್ದಂತೆ ಪ್ರೊಫೆಸರ ಕಣ್ಣು ಅರಳಿತು. ಯಾವುದೋ ಅಪರೂಪದ ಗಿಡದ ಲಕ್ಷಣ ಕೇಳಿದವರಂತೆ ತಲೆದೂಗಿದರು. ಆಮೇಲೆ ನನ್ನತ್ತ ತಿರುಗಿ, "ಹಾಗಾದರೆ ಮಿಸೆಸ್ ರಾವ್, ನಿಮಗೆ ನಮ್ಮ..." ಎನ್ನುವಷ್ಟರಲ್ಲೇ ನಾನು "ಯೆಸ್!" ಎಂದೆ. ಹೊರಗೆ ವರಾಂಡದಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು. "ಸೋಮವಾರದಿಂದಲೇ..." "ಯೆಸ್!" "ಮೈಕ್ರೋಸ್ಕೋಪಿನಲ್ಲಿ ಕೆಲಸ ಮಾಡಿ..." "ಯೆಸ್!" "ವಾರಕ್ಕೊಮ್ಮೆ ಕಾಡಿಗೆ ಗಿಡ ಸಂಗ್ರಹಕ್ಕೆ ಹೋಗುತ್ತೇವೆ. ವಿದ್ಯಾರ್ಥಿಗಳೇ ಸರದಿಯ ಮೇಲೆ ವ್ಯಾನ್ ಓಡಿಸುತ್ತಾರೆ, ನಿಮಗೂ..." "ಯೆಸ್!" ಅವರು ನಗುತ್ತ ಕೈ ಚಾಚಿದರು. ಸೀಟು ನನ್ನದಾಯಿತು! ಮೆಟ್ಟಿಲಿಳಿದು ಬಂದು ಗಂಗಕ್ಕನನ್ನು ತಬ್ಬಿಕೊಂಡು ಆ ದೊಡ್ಡ ಮರಗಳ ಕೆಳಗೆ ಕುಣಿದುಬಿಟ್ಟೆ. ಗಂಗಕ್ಕ ಅತ್ತರು, ಅತ್ತುಕೊಂಡೇ "ಇನ್ನೂ ನಿನ್ನ ಸೀರಿ ತುಂಬ ಇಂಗಿನ ವಾಸನಿ ಐತಿ, ದೂರ ಸರಿ" ಎಂದರು.

ಕೊನೆಯ ಪ್ರಶ್ನೆ ಯಾವುದಾಗಿತ್ತೆಂದು ನೆನಪಾದದ್ದು ಮನೆಗೆ ಬಂದ ಮೇಲೆ. ನಾನು ಹುಟ್ಟಿದಾಗಿನಿಂದ ಸೈಕಲ್ಲನ್ನೂ ಓಡಿಸಿದವಳಲ್ಲ. ಭಾನುವಾರ ಇವರು ಅಂಗಡಿ ಮುಚ್ಚಿದ್ದ ಒಂದು ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ ಕಲಿಸಲು ನೋಡಿದರು. ಸ್ವಲ್ಪ ಹೊತ್ತಿನಲ್ಲೇ ಬೆವರೊರೆಸಿಕೊಳ್ಳುತ್ತ ಇಳಿದು, "ನೋಡು, ಬರಲ್ಲ ಅಂತ ಪ್ರೊಫೆಸರಿಗೆ ನಿಜ ಹೇಳಿಬಿಡು. ಅದರಲ್ಲೇನು ನಾಚಿಕೆ?" ಎಂದರು. ಸರಿಯೆನಿಸಿತು.

ಮೊದಲ ಸಲ ಕಾಡಿಗೆ ಹೋಗುವ ದಿನ ಎಲ್ಲರೂ ವ್ಯಾನಿನಲ್ಲಿ ಕೂತಾಗಿತ್ತು. ಪ್ರೊಫೆಸರು ನನ್ನೆದುರು ಕೀಲಿಕೈ ಹಿಡಿದರು. "ಬೇಡ ಸರ್, ನನಗೆ ಓಡಿಸಲು ಬರುವುದಿಲ್ಲ" ಎಂದೆ, ಸ್ಪಷ್ಟವಾಗಿ. ಅವರು ಮುಗುಳ್ನಕ್ಕು ಮತ್ತೆ ಹಿಡಿದರು. "ನಿಜವಾಗಿಯೂ ಬೇಡ ಸರ್" ಎಂದೆ. "ಸಂಕೋಚ ಬೇಡ ಮಿಸೆಸ್ ರಾವ್, ನಿಮ್ಮ ಪದ್ಧತಿ ನನಗೆ ಗೊತ್ತು" ಎಂದು ಕಣ್ಣು ಮಿಟುಕಿಸಿ, ಬಹಳ ಗೌರವದಿಂದ ಮತ್ತೊಮ್ಮೆ ಹಿಡಿದರು. ಅಲ್ಲೇ ಎಡವಟ್ಟಾಯಿತು. ಹಿರಿಯರು ಅಷ್ಟು ಒತ್ತಾಯ ಮಾಡಿದ ಮೇಲೂ ಬೇಡವೆನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ನನಗೆ ಕಲಿಸಿಯೇ ಇರಲಿಲ್ಲ. ಕೈ ತಾನಾಗಿಯೇ ಮುಂದೆ ಹೋಗಿ ಕೀಲಿ ತೆಗೆದುಕೊಂಡಿತು. ಕಾಲು ತಾನಾಗಿಯೇ ವ್ಯಾನ್ ಹತ್ತಿತು. ಭಾನುವಾರದ ಪಾಠ ನೆನೆದು ಏನನ್ನೋ ತಿರುಗಿಸಿ ಏನನ್ನೋ ತುಳಿದೆ. ವ್ಯಾನು ಒಂದೇ ನೆಗೆತಕ್ಕೆ ರಸ್ತೆ ಬಿಟ್ಟು, ವಿಭಾಗದವರು ಮುತುವರ್ಜಿಯಿಂದ ಬೆಳೆಸಿದ್ದ ಗುಲಾಬಿ ಪಾತಿಯ ನಟ್ಟನಡುವೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಪ್ರೊಫೆಸರು ಕಿಟಕಿಯಿಂದ ನುಗ್ಗಿದ ಎಲೆಗಳನ್ನು ಗಡ್ಡದಿಂದ ಕೀಳುತ್ತ, "ಓ, ಇದು ನಿಜವಾದ ಬೇಡ" ಎಂದರು.

ಆ ವಾರವೇ ವಿಭಾಗದ ಹೊಸಬರಿಗೆ ಪಿಕ್‌ನಿಕ್ ಇತ್ತು. ಗುಲಾಬಿಯ ನಾಚಿಕೆಯಿಂದ ಬೆಳಗ್ಗೆಯಿಂದ ಏನೂ ತಿಂದಿರದ ನನ್ನ ಮುಂದೆ ಒಬ್ಬ ಹುಡುಗಿ ಆ್ಯಪಲ್ ಪೈ ತಟ್ಟೆ ಹಿಡಿದಳು. ಬಿಸಿಬಿಸಿ, ದಾಲ್ಚಿನ್ನಿಯ ಘಮಘಮ. ನನ್ನ ನಾಲಿಗೆ "ಅಯ್ಯೋ, ಬೇಡ" ಎಂದಿತು. ಹುಡುಗಿ ಇನ್ನೊಮ್ಮೆ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪ್ರೊಫೆಸರು ದೂರದಿಂದಲೇ ಗಾಬರಿಯಿಂದ ಎರಡೂ ಕೈ ಬೀಸುತ್ತ ಓಡಿಬಂದು, "ಬೇಡ ಬೇಡ, ಅವರನ್ನು ಒತ್ತಾಯ ಮಾಡಬೇಡಿ!" ಎಂದು ತಟ್ಟೆಯನ್ನು ತಾವೇ ತೆಗೆದುಕೊಂಡು ಹೋದರು.