ಬಿಳಿ ಕೋಳಿಗೆ ಕುಂಕುಮ

ಇದು ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಹದಿನೆಂಟು ದಿನಗಳಲ್ಲಿ ನಡೆದದ್ದು. ದೇವಾಪುರದ ನಮ್ಮ ಮನೆಯೊಳಗೆ ನಾಲ್ಕು ಜನ, ಹಿತ್ತಲಲ್ಲಿ ಐದು ಜವಾರಿ ಕೋಳಿ ಇದ್ದೆವು. ಅಷ್ಟಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಬರೆದಿಟ್ಟುಕೊಳ್ಳುತ್ತೇನೆ, ಅಷ್ಟೇ. ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಅದರಿಂದ ಮನೆಯವರಿಗೆ ಅಲ್ಲಿಯವರೆಗೆ ಏನೂ ಉಪಯೋಗವಾಗಿರಲಿಲ್ಲ.

೧. ಆರತಿ

ಅಣ್ಣನ ಮದುವೆಯಾಗಿ ಆರು ತಿಂಗಳಾಗಿತ್ತು. ವೈನಿ ಮೊದಲ ದೀಪಾವಳಿಗೆ ತವರು ನಾರಾಯಣಪುರಕ್ಕೆ ಹೋಗಿ ಬಂದಳು. ಬರುವಾಗ ಅವಳ ತಾಯಿ, ತಾವೇ ಮರಿಯಿಂದ ಸಾಕಿದ ಬಿಳಿ ಕೋಳಿಯೊಂದನ್ನು ಮಗಳ ಕೈಗೆ ಕೊಟ್ಟಿದ್ದರು.

ಬೀಗರ ಮನೆಯಿಂದ ಬಂದ ಜೀವ ಎಂದು ಅವ್ವ ಅದನ್ನು ಬಾಗಿಲಲ್ಲೇ ನಿಲ್ಲಿಸಿದಳು. ಕಾಲಿಗೆ ನೀರು ಹಾಕಿದಳು, ಆರತಿ ಬೆಳಗಿದಳು. ನೆತ್ತಿಗೊಂದು, ಬೆನ್ನಿಗೊಂದು ಹಸಿ ಕುಂಕುಮ ಹಚ್ಚಿ ಹಿತ್ತಲಿಗೆ ಬಿಟ್ಟಳು.

ಕೋಳಿಗೆ ಇನ್ನೊಂದು ಕೋಳಿಯ ಮೈಮೇಲೆ ರಕ್ತದಂಥ ಕೆಂಪು ಕಲೆ ಕಂಡರೆ ಕುಕ್ಕಬೇಕೆನಿಸುತ್ತದೆ. ಒಂದು ಶುರು ಮಾಡಿದರೆ ಉಳಿದವೂ ಸೇರುತ್ತವೆ. ಇದನ್ನು ನಾನು ಹೇಳಬೇಕೆನ್ನುವಷ್ಟರಲ್ಲಿ ಹಿತ್ತಲಿನ ಯಜಮಾನಿ ಕೆಂಪು ಕೋಳಿ ಹಾರಿ ಬಂದು ಕುಂಕುಮಕ್ಕೇ ಬಾಯಿ ಹಾಕಿತು. ಅದರ ಹಿಂದೆ ಉಳಿದ ನಾಲ್ಕು. ಬಿಡಿಸಿಕೊಂಡು ಬಂದಾಗ ಬಿಳಿ ಕೋಳಿಯ ಬೆನ್ನ ಮೇಲೆ ಅಂಗೈಯಗಲ ಪುಚ್ಚ ಇರಲಿಲ್ಲ.

ವೈನಿಯ ಕಣ್ಣಲ್ಲಿ ನೀರು ಬಂತು. "ಇನ್ನ ಹದಿನೆಂಟು ದಿನಕ್ಕ ನಮ್ಮವ್ವ ಬರಾಕಿ ಅದಾಳ. ಕೋಳೀನ ಹಿಂಗ ಇಟ್ಟಾರ ಅಂದ್ರ ಮಗಳನ್ನ ಹೆಂಗ ಇಟ್ಟಿರಬೇಕು ಅಂತಾಳ."

ಅವ್ವ ಆರತಿ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ನೀ ಓದಿದ್ದು ಇದನ್ನ ಅಲ್ಲೇನು? ಮತ್ತ ಬಾಯಿ ಮುಚ್ಕೊಂಡು ಯಾಕ ನಿಂತಿದ್ದಿ?"

ಪದವಿ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದು.

೨. ನೀಲಿ ಔಷಧ

ಮರುದಿನ ಗಾಯದ ಕೋಳಿಯನ್ನು ಸಂತೆಚೀಲದಲ್ಲಿ ಕೂರಿಸಿಕೊಂಡು ಸುರಪುರದ ದನದ ದವಾಖಾನೆಗೆ ಹೋದೆ. ನನ್ನ ಮುಂದೆ ಒಂದು ಹೋರಿ, ಹಿಂದೆ ಒಂದು ಎಮ್ಮೆ. ನನ್ನ ಪಾಳಿ ಬಂದಾಗ ಡಾಕ್ಟರು ಬರೆಯುತ್ತಲೇ ಕೇಳಿದರು.

"ಎಷ್ಟು ಕೋಳಿ ಅದಾವ?"

"ಆರ್ರಿ."

"ಆರು ನೂರ?"

"ಅಲ್ರಿ, ಆರು."

ಪೆನ್ನು ನಿಂತಿತು. "ಏನ್ ಆಗೈತಿ?"

"ಐದು ಕೂಡಿ ಒಂದಕ್ಕ ಬಡೀತಾವ್ರಿ."

"ಯಾಕ?"

"ಹೊಸದಾಗಿ ಬಂದೈತಲ್ರಿ, ಅದಕ್ಕ."

ಹಿಂದೆ ಎಮ್ಮೆ ಹಿಡಿದು ನಿಂತಿದ್ದ ಅಜ್ಜ ಮುಂದೆ ಬಂದ. "ಸಾಹೇಬ್ರ, ನಮ್ಮ ಮನ್ಯಾಗ ಹೊಸಾ ಸೊಸಿ ಬಂದಾಳ. ಅದಽ ಔಷಧ ನನಗೂ ಒಂದು ಬಾಟ್ಲಿ ಬರದು ಕೊಡ್ರಿ."

ಡಾಕ್ಟರು ಕೊಟ್ಟದ್ದು ಗಾಯಕ್ಕೆ ಹಚ್ಚುವ ನೀಲಿ ಔಷಧ. ಗಾಯವೂ ಒಣಗುತ್ತದೆ, ಕೆಂಪೂ ಮುಚ್ಚುತ್ತದೆ. ಅಣ್ಣ ಕಾಲು ಹಿಡಿದ, ವೈನಿ ರೆಕ್ಕೆ ಹಿಡಿದಳು, ಅವ್ವ ಕುತ್ತಿಗೆ ಹಿಡಿದಳು, ನಾನು ಹಚ್ಚಿದೆ. ಕೋಳಿ ಒಮ್ಮೆ ಮೈ ಕೊಡವಿತು. ಎಷ್ಟು ತಿಕ್ಕಿದರೂ ನಾಲ್ವರ ಬೆರಳಿನ ಬಣ್ಣ ಹೋಗಲಿಲ್ಲ.

ಮರುದಿನ ನಳದ ಹತ್ತಿರ ಪಕ್ಕದ ಮನೆಯಾಕೆ ಅವ್ವನ ಕೈ ಹಿಡಿದು ನೋಡಿದಳು. "ಅಲ್ಲಬೇ, ಎಲೆಕ್ಷನ್ ಯಾವಾಗ ಆತು? ನಮ್ಮನ್ನ ಯಾರೂ ಕರೀಲಿಲ್ಲಲ್ಲ!"

ಅವ್ವ ಕೊಡ ಎತ್ತಿಕೊಂಡಳು. "ಹಿತ್ತಲದಾಗ ಆಗೈತಿ. ಇನ್ನ ರಿಸಲ್ಟ್ ಬಂದಿಲ್ಲ."

೩. ಮೂರು ತಟ್ಟೆ

ಕೆಂಪು ಕೋಳಿ ಕಾಳಿನ ತಟ್ಟೆಯ ಹತ್ತಿರ ನಿಂತು ಬಿಳಿ ಕೋಳಿಯನ್ನು ಬರಗೊಡುತ್ತಿರಲಿಲ್ಲ. ಮೂರು ಮೂಲೆಗೆ ಮೂರು ತಟ್ಟೆ ಇಟ್ಟೆ. ಒಂದೇ ಕೋಳಿ ಮೂರು ಕಡೆ ನಿಲ್ಲಲಾರದು ಎಂಬುದು ನನ್ನ ಲೆಕ್ಕ.

ನಿಲ್ಲಲಿಲ್ಲ, ಓಡಿತು. ಮೂರು ತಟ್ಟೆಯ ನಡುವೆ ಇಡೀ ಮುಂಜಾನೆ ಓಡಿತು. ತಾನು ಒಂದು ಕಾಳು ಮುಟ್ಟಲಿಲ್ಲ, ಬೇರೆಯವಕ್ಕೂ ಮುಟ್ಟಗೊಡಲಿಲ್ಲ.

ಅಣ್ಣ ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾನೆ. ಬಸ್ಸಿಗೆ ಹೊರಟವನು ಹಿತ್ತಲ ಬಾಗಿಲಲ್ಲಿ ಐದು ನಿಮಿಷ ನಿಂತು ನೋಡಿದ. "ಇಂಥಾಂವ ಒಬ್ಬಾಂವ ನಮ್ಮ ಮಿಲ್‌ನ್ಯಾಗೂ ಅದಾನ. ಅಂವಗ ಸೂಪರ್‌ವೈಸರ್ ಅಂತಾರ."

೪. ಬುಟ್ಟಿ

ಉಳಿದದ್ದು ಒಂದೇ ದಾರಿ. ಬಡಿಯುವ ಕೋಳಿಯನ್ನು ಕೆಲವು ದಿನ ಉಳಿದವುಗಳ ಕಣ್ಣಿಗೆ ಬೀಳದಂತೆ ಇಟ್ಟರೆ ಅದರ ಯಜಮಾನಿಕೆ ಹೋಗುತ್ತದೆ. ಕೆಂಪು ಕೋಳಿಯನ್ನು ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿಯ ಕೆಳಗೆ ಹಾಕಿ ಮೇಲೆ ಕಲ್ಲಿಟ್ಟೆ. ಅವಧಿ ನಾಲ್ಕು ದಿನ. ಹೊತ್ತಿಗೊಂದು ಮುಷ್ಟಿ ಜೋಳ, ಒಂದು ಬಟ್ಟಲು ನೀರು. ಹಾಕುವ ಮೊದಲು ತೂಗಿದೆ, ತೆಗೆದ ಮೇಲೆ ತೂಗಿದೆ. ಇನ್ನೂರು ಗ್ರಾಂ ಹೆಚ್ಚಾಗಿತ್ತು.

ವಿಚಾರಣೆ ಮಾಡಿದೆ.

"ಹಳೇ ಜೀವ ಐತಿ. ದಿನಾ ಒಂದು ಮುಷ್ಟಿ ಜಾಸ್ತಿ ಹಾಕೀನಿ. ಏನೀಗ?" ಎಂದಳು ಅವ್ವ.

ವೈನಿ ತಲೆ ತಗ್ಗಿಸಿದಳು. "ಒಂದಽ ಕುಂತು ಒದರಾಕತ್ತಿತ್ತು. ಅತ್ತಿ ಮಕ್ಕೊಂಡಾಗ ನಾನೂ ಒಂದು ಮುಷ್ಟಿ ಹಾಕೀನಿ."

"ನಿನ್ನ ಕೋಳಿ ಬೆನ್ನ ಹರಿದದ್ದು ಅದಽ ಅಲ್ಲೇನು?" ಎಂದೆ.

"ಹೌದು. ಆದ್ರ ಹಸಿವಿ ಹಸಿವಿನಽ ಅಲ್ಲೇನು?"

ಅಣ್ಣ ತನಗೇನೂ ಗೊತ್ತಿಲ್ಲ ಎಂದ. ಬುಟ್ಟಿ ಎತ್ತಿ ನೋಡಿದರೆ ಕೆಳಗೆ ಶೇಂಗಾ ಸಿಪ್ಪೆ. ನಮ್ಮ ಮನೆಯಲ್ಲಿ ಜೇಬಿನಲ್ಲಿ ಶೇಂಗಾ ಇಟ್ಟುಕೊಂಡು ತಿರುಗುವವನು ಒಬ್ಬನೇ.

೫. ಉಡಿ

ಆ ನಾಲ್ಕು ದಿನದಲ್ಲಿ ಬಿಳಿ ಕೋಳಿ ಗೋಡೆ ಬಿಟ್ಟು ಈಚೆ ಬಂದಿತ್ತು, ಹೊಟ್ಟೆ ತುಂಬ ತಿಂದಿತ್ತು, ಒಂದೊಂದಾಗಿ ಉಳಿದ ನಾಲ್ಕನ್ನು ಹದಕ್ಕೆ ತಂದಿತ್ತು. ಬುಟ್ಟಿಯಿಂದ ಬಂದ ಕೆಂಪು ಕೋಳಿಯನ್ನು ಬಾಗಿಲಲ್ಲೇ ನಿಲ್ಲಿಸಿ ನೆತ್ತಿಗೊಂದು, ಬೆನ್ನಿಗೊಂದು ಕುಕ್ಕಿತು. ಈಗ ಹಿತ್ತಲಿಗೆ ಬಿಳಿ ಕೋಳಿಯೇ ಯಜಮಾನಿ.

ಪುಚ್ಚ ಮಾತ್ರ ಬಂದಿರಲಿಲ್ಲ. ಅಷ್ಟು ಬೇಗ ಬರುವುದೂ ಇಲ್ಲ ಎಂದೆ. ವೈನಿಯ ತಾಯಿ ಬರಲು ಎರಡು ದಿನ ಉಳಿದಿತ್ತು. ಅವ್ವ ಟ್ರಂಕು ತೆಗೆದು, ರವಿಕೆ ಹೊಲಿಸಿ ಉಳಿದಿದ್ದ ಒಂದು ಖಣದ ತುಂಡು ಹುಡುಕಿದಳು. ರೆಕ್ಕೆಗೆ ಎರಡು ಕುಣಿಕೆ ಇಟ್ಟು ಬೆನ್ನಿಗೆ ಹೊದಿಕೆ ಹೊಲಿದಳು. ಬೋಳು ಬೆನ್ನು, ನೀಲಿ ಬಣ್ಣ ಎರಡೂ ಮುಚ್ಚಿದವು.

ಹದಿನೆಂಟನೆಯ ದಿನ ಬೆಳಗಿನ ಬಸ್ಸಿಗೆ ಬೀಗತಿ ಬಂದರು. ಮಗಳನ್ನು ನೋಡಿದರು, ನೇರ ಹಿತ್ತಲಿಗೆ ನಡೆದರು. ನಾವು ನಾಲ್ವರೂ ಹಿಂದೆ ಹೋದೆವು.

"ಅಯ್ಯ ನನ್ನ ಶಿವನ! ಕೋಳಿಗೂ ಖಣದ ಕುಬ್ಬಸ ಹೊಲಿಸೀರೇನ್ರಿ ಅಕ್ಕಾರ?"

"ಥಂಡಿ ಐತಲ್ರಿ," ಎಂದಳು ಅವ್ವ. ಅಂದು ಸೆಕೆಗೆ ಎಲ್ಲರೂ ಬೆವರುತ್ತಿದ್ದೆವು.

ಬೀಗತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೋಳಿಗೇ ಇಷ್ಟು ಮಾಡೀರಿ ಅಂದ ಮ್ಯಾಲ ಮಗಳ ಚಿಂತಿ ನನಗಿಲ್ಲ." ವೈನಿ ಹದಿನೆಂಟು ದಿನದಲ್ಲಿ ಮೊದಲ ಸಲ ನಕ್ಕಳು.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ಬೀಗತಿಗೆ ಉಡಿ ತುಂಬಬೇಕಾಗಿತ್ತು. ಅಂಗಳದಲ್ಲಿ ಮಣೆ ಹಾಕಿ ಕೂರಿಸಿದೆವು. ಕುಂಕುಮದ ಪಾಠ ಕಲಿತಿದ್ದ ಅವ್ವ ಹಿತ್ತಲಿನಿಂದ ಅಂಗಳಕ್ಕೆ ಬಂದಿದ್ದ ಕೋಳಿಗಳಿಗೆ ಕಾಣದಂತೆ ಸೆರಗು ಅಡ್ಡ ಹಿಡಿದು ಹಚ್ಚಿದಳು. ಆಮೇಲೆ ಅವರು ಒಡ್ಡಿದ ಸೆರಗಿಗೆ ಒಂದು ಸೇರು ಅಕ್ಕಿ ಸುರಿದಳು. ಅಕ್ಕಿಯೂ ಕೋಳಿಗೆ ಕಾಣುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ನನ್ನ ತಲೆಗೂ.

ಆರೂ ಬಂದವು. ಖಣದ ಕುಬ್ಬಸದ್ದು ಎಲ್ಲಕ್ಕಿಂತ ಮುಂದೆ. ಒಂದೇ ಜಿಗಿತಕ್ಕೆ ಉಡಿಯಲ್ಲಿ ನಿಂತು ರೆಕ್ಕೆ ಅಗಲಿಸಿ, ಹತ್ತಿರ ಬಂದವಕ್ಕೆಲ್ಲ ಕುಕ್ಕಿ ಓಡಿಸಿತು.

"ನೋಡ್ರೀ, ನೋಡ್ರೀ!" ಬೀಗತಿ ನಮ್ಮ ಕಡೆ ತಿರುಗಿದರು. "ಸಾಕಿದಾಕಿನ್ನ ಮರತಿಲ್ಲ! ನನ್ನ ಉಡಿ ಕಾಯಾಕತ್ತೈತಿ!"

ಬೆನ್ನು ಸವರಲು ಕೈ ಚಾಚಿದರು. ಕೋಳಿ ಅವರ ಕೈಗೂ ಕುಕ್ಕಿತು.

"ಸಿಟ್ಟು ಬಂದೈತಿ ಅದಕ್ಕ," ಎಂದರು ಬೀಗತಿ, ಇನ್ನೂ ಸಂತೋಷದಿಂದ. "ಬಿಟ್ಟು ಹೊಂಟಾಳಲ್ಲ ಅಂತ." ಮತ್ತೊಮ್ಮೆ ಸವರಿದರು. ಮತ್ತೊಮ್ಮೆ ಕುಕ್ಕಿತು.

ಅವ್ವ ನನ್ನನ್ನು ನೋಡಿದಳು. ಈ ಸಲ ಬಾಯಿ ಮುಚ್ಚಿಕೊಂಡು ನಿಲ್ಲಬೇಕು ಎಂಬುದು ಆ ನೋಟದ ಅರ್ಥ. ನಿಂತೆ. ಬಸ್ಸು ಹೋದ ಮೇಲೆ ನೋಟ್‌ಬುಕ್ ತೆಗೆದು ಬರೆದೆ.

ಬಿಳಿ ಕೋಳಿ ಇಂದು ಕೊಟ್ಟ ಕುಕ್ಕು: ಕೆಂಪು ಕೋಳಿಗೆ ಆರು, ಉಳಿದ ನಾಲ್ಕಕ್ಕೆ ಸೇರಿ ಒಂಬತ್ತು, ಬೀಗತಿಗೆ ಎರಡು. ಒಟ್ಟು ಹದಿನೇಳು.