ಬೇಲಿ ನೇರವಾಗಿರತಕ್ಕದ್ದು

ಅರ್ಧ ಮುಖಕ್ಕೆ ಶೇವಿಂಗ್ ನೊರೆ ಮೆತ್ತಿಕೊಂಡೇ ಕೆಂಪರಾಜ್ ಅಂಗಳಕ್ಕೆ ಓಡಿಬಂದ. ಹಗ್ಗದ ಒಂದು ತುದಿ ಮನೆ ಓನರು ಮುನಿಆಂಜನಪ್ಪನವರ ಕೈಯಲ್ಲಿತ್ತು, ಇನ್ನೊಂದು ತುದಿ ಹತ್ತನೇ ಕ್ಲಾಸಿನ ಮಕ್ಕಳ ಕೈಯಲ್ಲಿ. ಎರಡೂ ಕಡೆಯವರು ಜಗ್ಗುತ್ತಿದ್ದರು. ಮುನಿಆಂಜನಪ್ಪನವರದು ಒಂದು ಕಾಲಕ್ಕೆ ಎತ್ತಿನ ಮೂಗುದಾರ ಹಿಡಿದ ಕೈ. ಮಕ್ಕಳು ಚಪ್ಪಲಿ ಸಮೇತ ಅವರ ಕಡೆಗೇ ಜಾರಿ ಬರುತ್ತಿದ್ದರು, ಹಗ್ಗ ಮಾತ್ರ ಬಿಡುತ್ತಿರಲಿಲ್ಲ.

“ಏನ್ ಮೇಷ್ಟ್ರೇ ಇದು? ಭಾನುವಾರ ಬೆಳಬೆಳಗ್ಗೇನೇ ನನ್ನ ಜಮೀನು ಅಳೀತಾವ್ರೆ. ಕೇಳಿದ್ರೆ ನೀವೇ ಕಳ್ಸಿದ್ದು ಅಂತಾವ್ರೆ.”

“ಹೋಂವರ್ಕು ಯಜಮಾನ್ರೇ,” ಅಂದ ಕೆಂಪರಾಜ್. ಮಾತಿನ ಜೊತೆ ಒಂದು ಗುಳ್ಳೆಯೂ ಹೊರಬಂತು. “ಬರೀ ಒಂದು ಭಾಗದ ಲೆಕ್ಕ.”

ಆ ಮಾತು ಆಡಬಾರದಿತ್ತು. ಎದುರುಮನೆ ಗೋವಿಂದಮ್ಮ ರಂಗೋಲಿ ಬಿಡುವ ನೆಪದಲ್ಲಿ ಆಗಲೇ ಬೀದಿಗೆ ಬಂದು ನಿಂತಿದ್ದಳು. ಅವಳ ಕಿವಿಗೆ ಬಿದ್ದದ್ದು ‘ಭಾಗ’ ಒಂದೇ. ಕೃಷ್ಣರಾಜಪುರದ ಆ ಬೀದಿಯಲ್ಲಿ ಭಾಗ ಎಂದರೆ ಗಣಿತವಲ್ಲ. ಅಣ್ಣತಂಗಿಯರು ವಕೀಲರ ಮನೆಯಲ್ಲಿ ಭೇಟಿಯಾಗುವ ವಿಷಯ. ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಅವಳು ಫೋನು ತರಲು ಒಳಗೆ ಹೋದಳು.

ಇದಕ್ಕೆಲ್ಲ ಮೂಲ ಹತ್ತನೇ ಕ್ಲಾಸಿನವರು ಬರೆಯುವ ದೇಶಮಟ್ಟದ ಪರೀಕ್ಷೆ. ಇತ್ತೀಚೆಗೆ ಅದರ ಸ್ವಭಾವವೇ ಬದಲಾಗಿತ್ತು. ಮೊದಲೆಲ್ಲ ಪ್ರಶ್ನೆ ನೆಟ್ಟಗೆ ಬಂದು ಬಾಗಿಲು ತಟ್ಟುತ್ತಿತ್ತು. ಈಗ ದೂರದ ನೆಂಟನ ಹಾಗೆ ಊರ ಸುದ್ದಿಯನ್ನೆಲ್ಲ ಹೇಳಿ, ಕಾಫಿ ಕುಡಿದು, ಹೊರಡುವ ಹೊತ್ತಿಗೆ ತನಗೇನು ಬೇಕೆಂದು ಬಾಯಿ ಬಿಡುತ್ತಿತ್ತು. ಹೋದ ವರ್ಷ ಕೆಂಪರಾಜನ ಹುಡುಗನೊಬ್ಬ ಪರೀಕ್ಷೆ ಮುಗಿಸಿ ಬಂದು, “ಪೂರ್ತಿ ಓದ್ದೆ ಸಾರ್, ಚೆನ್ನಾಗಿತ್ತು. ಲೆಕ್ಕ ಎಲ್ಲಿತ್ತು?” ಎಂದು ಕೇಳಿದ್ದ.

ಫಲಿತಾಂಶ ಬಂದ ದಿನ ಹೆಡ್‌ಮಿಸ್ ಸುಕನ್ಯ ಯಾರನ್ನೂ ಬೈಯಲಿಲ್ಲ. ಅದೇ ಪ್ರಶ್ನೆಪತ್ರಿಕೆ ಹಿಡಿದು ಖಾಲಿ ಕ್ಲಾಸಿನಲ್ಲಿ ಕೂತು, ಮಕ್ಕಳ ಹಾಗೆ ತಾವೇ ಪರೀಕ್ಷೆ ಬರೆದರು. ಹೊರಗೆ ಬಂದವರ ಬೆರಳಿಗೆಲ್ಲ ಇಂಕು. ತಾವೂ ಪಾಸಾಗುತ್ತಿರಲಿಲ್ಲ, ತಪ್ಪು ಮಕ್ಕಳದಲ್ಲ ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ಹೇಳಿದರು. ಆಮೇಲೆ ಶಾಲೆಯನ್ನೇ ತಿರುವಿ ಹಾಕಿದರು. ಗೈಡುಗಳು ರದ್ದಿಗೆ ಹೋದವು. ಗಣಿತದ ಪ್ರಶ್ನೆಯನ್ನು ಓದುವುದು ಹೇಗೆಂದು ಕನ್ನಡ ಮೇಷ್ಟ್ರು ಕಲಿಸತೊಡಗಿದರು. ಡ್ರಿಲ್ ಮೇಷ್ಟ್ರು ವಾಲಿಬಾಲ್ ಕೋರ್ಟಿನಲ್ಲಿ ಕೋನಗಳನ್ನು ಹುಡುಕಿಸಿದರು. ಪ್ರಶ್ನೆ ಮಕ್ಕಳು ಓಡಾಡುವ ಬೀದಿಯಿಂದಲೇ ಬರಬೇಕು, ಉತ್ತರ ಅನುಮಾನವಾದರೆ ಹೋಗಿ ನೋಡಿಕೊಂಡು ಬರಬೇಕು ಎನ್ನುವುದು ಹೊಸ ಕಾನೂನು. ಮೊದಮೊದಲು ಎಲ್ಲರೂ ಗೊಣಗಿದರು. ಆರು ತಿಂಗಳು ಕಳೆಯುವಷ್ಟರಲ್ಲಿ, ಪಾಠದ ನಡುವೆ “ಯಾಕೆ ಸಾರ್?” ಎಂದು ಕೇಳುವ ಮಕ್ಕಳು ಹುಟ್ಟಿಕೊಂಡಿದ್ದರು. ಎಷ್ಟೋ ಮೇಷ್ಟ್ರುಗಳು ಆ ಪ್ರಶ್ನೆಯನ್ನು ಕೊನೆಯದಾಗಿ ಕೇಳಿದ್ದು ತಾವೇ ಹುಡುಗರಾಗಿದ್ದಾಗ.

ಕೆಂಪರಾಜನಿಗೆ ಕತೆ ಕಟ್ಟಲು ಬಾರದು. ಶುಕ್ರವಾರ ಸಂಜೆ ಕಿಟಕಿಯ ಬಳಿ ಕೂತು ಕಂಡದ್ದನ್ನೇ ಬರೆದ. ಮುಂದಿನ ಕಿಟಕಿಯಿಂದ ರಸ್ತೆ ಕಂಡಿತು, ಅಡುಗೆಮನೆ ಕಿಟಕಿಯಿಂದ ಹಿಂದಿನ ಬಾವಿ ಕಂಡಿತು. ಯಜಮಾನರ ಮಗನಿಗೂ ಮಗಳಿಗೂ ಈ ಜಾಗದ ವಿಷಯಕ್ಕೆ ಮಾತಿಲ್ಲ ಎನ್ನುವುದು ಗೋವಿಂದಮ್ಮನ ದಯೆಯಿಂದ ಗೊತ್ತೇ ಇತ್ತು. ಹೀಗೆ ಹುಟ್ಟಿತು ಮೂರನೇ ಪ್ರಶ್ನೆ: ‘ಒಬ್ಬ ಯಜಮಾನರಿಗೆ ತ್ರಿಕೋನಾಕಾರದ ಖಾಲಿ ಜಾಗವಿದೆ. ಅದರ ಒಂದು ಬದಿ ರಸ್ತೆಗೆ ತಾಗಿದೆ. ಎದುರಿನ ಮೂಲೆಯಲ್ಲಿ ಬಾವಿಯಿದೆ. ಮಗನಿಗೂ ಮಗಳಿಗೂ ಸಮಪಾಲು ಸಿಗಬೇಕು, ಇಬ್ಬರಿಗೂ ರಸ್ತೆ ಸಮನಾಗಿ ಸಿಗಬೇಕು, ಇಬ್ಬರಿಗೂ ಬಾವಿ ಎಟುಕಬೇಕು. ಬೇಲಿ ನೇರವಾಗಿರತಕ್ಕದ್ದು. ಅದನ್ನು ಎಲ್ಲಿ ಹಾಕಬೇಕು? ಕಾರಣ ಕೊಡಿ.’ ಹೆಸರು ಹಾಕಿರಲಿಲ್ಲ. ಆದರೆ ಕೆ.ಆರ್. ಪುರದಲ್ಲಿ ಮೂರು ಮೂಲೆಯ ಜಾಗ, ಮೂಲೆಯಲ್ಲಿ ಬಾವಿ ಎಂದರೆ ಆಟೋದವರಿಗೂ ವಿಳಾಸ ಬೇಕಿರಲಿಲ್ಲ.

ಈಗ ಅವನಿಗೆ ಇದ್ದ ಹೆದರಿಕೆ ಒಂದೇ: ಮನೆ. ಬ್ಯಾಚುಲರ್ ಎಂದ ಕೂಡಲೇ ಬಾಗಿಲು ಹಾಕಿಕೊಂಡ ಓನರುಗಳು ಹಲಸೂರಿನಿಂದ ಇಲ್ಲಿಯ ತನಕ ಸಾಲಾಗಿ ಇದ್ದರು. ಮುನಿಆಂಜನಪ್ಪನವರೊಬ್ಬರೇ ಅವನ ಮುಖ ನೋಡದೆ, ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಬೀಗದ ಕೈ ಕೊಟ್ಟವರು. ಎರಡು ಕೋಣೆ, ಒಂದು ಜಗುಲಿ. ಸಂಜೆ ಆ ಜಗುಲಿಯ ಮೇಲೆ ಮಕ್ಕಳು ಕೂತು ಲೆಕ್ಕ ಮಾಡುವಾಗ ತಾನೊಬ್ಬ ದೊಡ್ಡ ಮನುಷ್ಯ ಅನ್ನಿಸುತ್ತಿತ್ತು ಅವನಿಗೆ. ಯಜಮಾನರಿಗೆ ಸಿಟ್ಟು ಬಂದರೆ ಜಗುಲಿಯೂ ಹೋಯಿತು, ದೊಡ್ಡ ಮನುಷ್ಯನೂ ಹೋದ.

ಒಳಗೆ ಓಡಿ ಹೆಡ್‌ಮಿಸ್ಸಿಗೆ ಫೋನು ಮಾಡಿದ. ಮಕ್ಕಳನ್ನು ವಾಪಸು ಕರೆಸಲು ಹೇಳಿಯಾರು ಎಂಬ ಆಸೆ. ಸುಕನ್ಯ ಕೇಳಿಸಿಕೊಂಡು, ಸಂತೋಷದಿಂದ, “ನಿಲ್ಲಿಸ್ಬೇಡಿ ಕೆಂಪರಾಜ್. ಬರೀ ಗೆರೆ ಎಳೆದ್ರೆ ಸಾಲ್ದು, ಕಾರಣಾನೂ ಕೇಳಿ. ಮಾರ್ಕ್ಸ್ ಇರೋದು ಕಾರಣಕ್ಕೆ” ಎಂದು ಫೋನಿಟ್ಟರು.

ಹೊರಗೆ ಬರುವ ಹೊತ್ತಿಗೆ ಗೋವಿಂದಮ್ಮನ ಫೋನು ತನ್ನ ಕೆಲಸ ಮುಗಿಸಿತ್ತು. ದೊಡ್ಡನೆಕ್ಕುಂದಿಯ ಕಂಪನಿಗಳಿಗೆ ಕ್ಯಾಬು ಓಡಿಸುವ ಮಗ ವಸಂತ್ ಒಂದು ಕಡೆಯಿಂದ ಬಂದಿಳಿದ. ಇಂದಿರಾನಗರದಲ್ಲಿ ಬೊಟಿಕ್ ಇಟ್ಟಿರುವ ಮಗಳು ಭವ್ಯ ಇನ್ನೊಂದು ಕಡೆಯಿಂದ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಅಪ್ಪನ ಮೇಲೆ ಬಿದ್ದರು.

“ರಸ್ತೆ ಕಡೆ ಅವಳಿಗೆ ಕೊಟ್ಬಿಟ್ಯಾ ಅಪ್ಪ?”

“ಬಾವಿ ಅವನ ಹೆಸ್ರಿಗೆ ಬರ್ದ್ಯಂತೆ?”

“ಯಾರಿಗೂ ಏನೂ ಕೊಟ್ಟಿಲ್ಲ ಕಣ್ರೋ,” ಅಂದರು ಮುನಿಆಂಜನಪ್ಪ. ಹಗ್ಗ ಇನ್ನೂ ಅವರ ಕೈಯಲ್ಲೇ ಇತ್ತು. “ಇಸ್ಕೂಲ್ ಮಕ್ಳು ಭಾಗ ಮಾಡ್ತಾವ್ರೆ.”

ಅಲ್ಲಿಯ ತನಕ ಆ ಜಾಗ ಅಳೆಯಲು ಬಂದ ಸರ್ವೆಯವರಿಗೇನೂ ಕೊರತೆ ಇರಲಿಲ್ಲ. ವಸಂತ್ ಕರೆತಂದವನು ವಸಂತನ ಸ್ನೇಹಿತ, ಭವ್ಯ ಕರೆತಂದವನು ಅವಳ ಗಂಡನ ಸ್ನೇಹಿತ. ಎರಡು ನಕ್ಷೆಗಳೂ ಹಳೆಯ ಕ್ಯಾಲೆಂಡರಿನ ಹಾಗೆ ಮಂಚದಡಿ ಸುತ್ತಿಕೊಂಡು ಬಿದ್ದಿದ್ದವು.

ಆಗ ಮಕ್ಕಳ ಗುಂಪಿನಿಂದ ರೇವತಿ ಮುಂದೆ ಬಂದಳು. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಭೀಮಾಶಂಕರನ ಮಗಳು. ಸೇರಿದ ವರ್ಷ, ತನ್ನ ಮಾತಿಗೆ ಯಾರಾದರೂ ನಕ್ಕಾರೆಂದು ಹಾಜರಿಗೂ ಬಾಯಿ ಬಿಡದೆ ಕೈಯೆತ್ತುತ್ತಿದ್ದವಳು. ಹೊಸ ಪಾಠಕ್ರಮದಲ್ಲಿ ಕಾರಣ ಹೇಳದೆ ಯಾರಿಗೂ ಬಿಡುಗಡೆ ಇರಲಿಲ್ಲವಾದ್ದರಿಂದ ಅವಳಿಗೆ ಬಾಯಿ ಬಂದಿತ್ತು. ಬಂದದ್ದು ಈಗ ನಿಲ್ಲುತ್ತಿರಲಿಲ್ಲ. ಅಜ್ಜನ ಕೈಯಿಂದ ಹಗ್ಗ ತೆಗೆದುಕೊಂಡು, ರಸ್ತೆ ಬದಿಯ ಉದ್ದಕ್ಕೂ ಹಿಡಿಸಿ, ಅದನ್ನು ಎರಡು ಮಡಿಕೆ ಮಾಡಿ, ನಡು ಬಂದಲ್ಲಿ ಗೂಟ ಹೊಡೆಸಿದಳು.

“ಇಲ್ಲಿಂದ ಬಾವಿಗೆ ನೆಟ್ಟಗ ಎಳೀಬೇಕ್ರಿ. ರಸ್ತಿನ ಪಾಯಾ, ಅದು ಎರಡೂ ಕಡಿ ಅರ್ಧ ಅರ್ಧ. ಎತ್ತರ ಅಂದ್ರ ರಸ್ತಿಯಿಂದ ಬಾವಿತನ, ಅದು ಇಬ್ಬರಿಗೂ ಒಂದಾ. ಪಾಯಾ ಒಂದಾ, ಎತ್ತರ ಒಂದಾ ಅಂದಮ್ಯಾಲ ಜಾಗಾನೂ ಒಂದಾ ಅಲ್ರಿ? ಬಾವಿ ಬೇಲಿ ತುದಿಗಿ ಅದ. ಇಬ್ಬರೂ ನೀರು ಸೇದಬಹುದು.”

ವಸಂತ್ ತಲೆ ಕೆರೆದುಕೊಂಡ. ಭವ್ಯ ಮೊಬೈಲಿನಲ್ಲಿ ಏನೋ ಗುಣಿಸಿ ನೋಡಿದಳು. ಇಬ್ಬರೂ ತಪ್ಪು ಹುಡುಕಿದರು, ಸಿಗಲಿಲ್ಲ. ತಪ್ಪು ಹುಡುಕುತ್ತಾ ಹುಡುಕುತ್ತಾ ಇಬ್ಬರ ತಲೆಗಳೂ ಒಂದೇ ಮೊಬೈಲಿನ ಮೇಲೆ ಬಾಗಿದ್ದವು. ಅದನ್ನು ನೋಡಿದ ಮುನಿಆಂಜನಪ್ಪನವರು ಗೂಟವನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಈ ಹುಡುಗಿ ಮಗನ ಕಡೆಯವಳಲ್ಲ, ಮಗಳ ಕಡೆಯವಳಲ್ಲ, ಊರಿನವಳೂ ಅಲ್ಲ. ಇವಳು ಹಗ್ಗ ಇಟ್ಟಲ್ಲೇ ಬೇಲಿ, ಆಂಜನೇಯನಾಣೆ, ಎಂದು ಬೀದಿಗೆಲ್ಲ ಕೇಳುವ ಹಾಗೆ ಘೋಷಿಸಿದರು. ಗೋವಿಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುದ್ದಿ ಇಷ್ಟು ಒಳ್ಳೆಯದಾಗಿ ಮುಗಿದದ್ದಕ್ಕೆ ಅವಳಿಗೆ ಸ್ವಲ್ಪ ಬೇಸರವೂ ಆಗಿತ್ತು.

ಕೆಂಪರಾಜ್ ತೇಲುತ್ತಿದ್ದ. ಮನೆ ಉಳಿಯಿತು. ಬರಿಯ ಮನೆಯಲ್ಲ, ವರ್ಷಗಳ ಜಗಳವನ್ನು ಅವನ ಮೂರನೇ ಪ್ರಶ್ನೆ ಬಿಡಿಸಿತ್ತು. ಬಾವಿಯ ಕಡೆಯಿಂದ ಯಾರೋ “ಸಾರ್, ಅಡ್ಗೆಮನೆ ಕಿಟ್ಕಿ ತೆಗೀರಿ” ಎಂದು ಕೂಗಿದಾಗ ಅವನೇ ಉತ್ಸಾಹದಿಂದ ಹೋಗಿ ತೆಗೆದ. ಹಗ್ಗ ಒಳಗೆ ಬಂತು. ಅದು ಸ್ಟೌವಿನ ಮೇಲೆ ಹಾದು, ಅವನ ಮಂಚವನ್ನು ದಾಟಿ, ಮುಂಬಾಗಿಲಿಂದ ಹೊರಬಿದ್ದು, ಜಗುಲಿಯ ನಡುವೆ ಸಾಗಿ, ಗೂಟಕ್ಕೆ ಬಿಗಿಯಾಯಿತು. ಕೆಂಪರಾಜ್ ಒಮ್ಮೆ ಅದರಡಿ ನುಸುಳಿ ಈಚೆಗೆ ಬಂದ, ಇನ್ನೊಮ್ಮೆ ನುಸುಳಿ ಆಚೆಗೆ ಹೋದ. ಆಮೇಲೆ ನಿಂತುಬಿಟ್ಟ. ಪ್ರಶ್ನೆಯಲ್ಲಿ ‘ಖಾಲಿ ಜಾಗ’ ಎಂದು ಬರೆದದ್ದು ನೆನಪಾಯಿತು. ಒಳಗೆ ಕೂತು ಬರೆದವನಿಗೆ ಮನೆಯೊಂದೇ ಕಾಣಿಸಿರಲಿಲ್ಲ.

“ಅಂದ್ರೆ ಮನೆ ಕೆಡವ್ಬೇಕು,” ಎಂದರು ಮುನಿಆಂಜನಪ್ಪ, ಹಗ್ಗವನ್ನು ಹಿಂಬಾಲಿಸಿ ಒಳಗೆ ಬಂದು. ವಸಂತ್ ಆಗಲೇ ಜೆಸಿಬಿಯವನಿಗೆ ಫೋನು ಹಚ್ಚಿದ್ದ.

ಭವ್ಯ ಮೇಷ್ಟ್ರ ಮುಖ ನೋಡಿದಳು. ಅರ್ಧ ನೊರೆ ಒಣಗಿದ ಆ ಮುಖ, ಸುಣ್ಣ ಬಳಿಯುವುದನ್ನು ನಡುವೆ ನಿಲ್ಲಿಸಿದ ಗೋಡೆಯ ಹಾಗಿತ್ತು. “ಹಗ್ಗ ಸ್ವಲ್ಪ ನನ್ ಕಡೆ ಬಗ್ಸಿ, ಪರ್ವಾಗಿಲ್ಲ. ಮೇಷ್ಟ್ರ ಮನೆ ಉಳೀಲಿ,” ಅಂದಳು. ವಸಂತ್ ಫೋನಿಟ್ಟು, ಬೇಡ, ಬಗ್ಗಿಸುವುದಾದರೆ ತನ್ನ ಕಡೆಗೇ ಬಗ್ಗಿಸಲಿ ಎಂದ. ಜಾಗ ಬಿಟ್ಟುಕೊಡಲು ಅಣ್ಣತಂಗಿ ಜಗಳವಾಡಿದ್ದು ಅದೇ ಮೊದಲು.

“ನಾನು ಆಣೆ ಇಟ್ಟಿವ್ನಿ,” ಎಂದರು ಮುನಿಆಂಜನಪ್ಪ. “ಹುಡ್ಗಿ ಒಪ್ಪಿದ್ರೆ ಸರಿ.”

ಎಲ್ಲರೂ ರೇವತಿಯ ಕಡೆ ತಿರುಗಿದರು. ಕೆಂಪರಾಜ್ ಹಗ್ಗದ ಮೇಲಿಂದ ಅವಳತ್ತ ಬಗ್ಗಿ, ದನಿ ಇಳಿಸಿ ಹೇಳಿದ: “ಒಂದೇ ಒಂದು ಕಡೆ ಬಗ್ಸಮ್ಮ. ಇದೇನು ಪರೀಕ್ಷೆ ಅಲ್ವಲ್ಲ. ಪೂರ್ತಿ ಮಾರ್ಕ್ಸ್ ಕೊಡ್ತೀನಿ.”

ರೇವತಿ ಕಿಟಕಿಯಿಂದ ಬಾಗಿಲತನಕ ಹಗ್ಗವನ್ನು ಕಣ್ಣಲ್ಲೇ ಅಳೆದಳು. ಮೇಷ್ಟ್ರ ಮಂಚವನ್ನೂ ನೋಡಿದಳು, ಪಾಪ ಎನ್ನಿಸಿರಬೇಕು.

“ಬೇಲಿ ನೇರ ಇರಬೇಕು ಅಂತ ನೀವಾ ಬರ್ದೀರಿ ಸರ. ಪ್ರಶ್ನಿಯೊಳಗಿನ ಒಂದು ಶಬ್ದಾನೂ ಬಿಡಬ್ಯಾಡ್ರಿ ಅಂತನೂ ನೀವಾ ಹೇಳೀರಿ.”

ಹೆಡ್‌ಮಿಸ್ ಇಲ್ಲಿರಬೇಕಿತ್ತು ಎಂದುಕೊಂಡ ಕೆಂಪರಾಜ್. ಇಂಥ ಉತ್ತರಕ್ಕೆ ಪೂರ್ತಿ ಮಾರ್ಕ್ಸ್ ಕೊಡಲೇಬೇಕು. ಆದರೂ ಕೊನೆಯದಾಗಿ ಒಂದು ಸಲ, ಕೈ ಮುಗಿಯುವುದೊಂದು ಬಾಕಿ ಎನ್ನುವ ಹಾಗೆ, ಹಗ್ಗದ ತುದಿಯನ್ನು ಅವಳ ಕಡೆಗೆ ಚಾಚಿದ.

“ಒಲ್ಲೆರಿ,” ಅಂದಳು ರೇವತಿ.