ಗೋಡೆಗೆ ತೂತು ಕೊರೆಯುವ ಮಾವ

ನಮ್ಮ ಮಾವನನ್ನು ನಿಮ್ಮ ಮನೆಗೆ ಕರೆಯಬೇಡಿ. ಕರೆದರೂ ಚಳಿಗಾಲದಲ್ಲಿ ಕರೆಯಬೇಡಿ. ಇಲ್ಲ, ಕರೆದೇ ತೀರುತ್ತೇನೆ ಎನ್ನುವಿರಾದರೆ ಮೊದಲು ಒಬ್ಬ ಗಾರೆ ಮೇಸ್ತ್ರಿಯನ್ನು ಗೊತ್ತು ಮಾಡಿಟ್ಟುಕೊಳ್ಳಿ. ಯಾಕೆಂದರೆ ಬಂದವನು ನಿಮ್ಮ ಮುಖ ನೋಡುವುದಿಲ್ಲ, ಗೋಡೆ ನೋಡುತ್ತಾನೆ. ಕಾಫಿ ಲೋಟ ಹಿಡಿದುಕೊಂಡೇ ಕಿಟಕಿಯ ಬಳಿ ಹೋಗಿ, ಬಾಗಿಲ ಸಂದಿಗೆ ಅಂಗೈ ಒಡ್ಡಿ, ಗಾಳಿ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಾನೆ. ಬಾರದಿದ್ದರೆ ನಿಮ್ಮ ಕರ್ಮ! ಅವನ ಕೈಚೀಲದಲ್ಲಿ ಸುತ್ತಿಗೆ, ಉಳಿ ಯಾವಾಗಲೂ ಇರುತ್ತವೆ.

ಈತ ನನ್ನ ತಾಯಿಯ ಕೊನೆಯ ತಮ್ಮ. ನನಗಿಂತ ಎಂಟೇ ವರ್ಷ ದೊಡ್ಡವನಾದ್ದರಿಂದ ಬಹುವಚನದ ಗೌರವವೆಲ್ಲ ಚಿಕ್ಕಂದಿನಲ್ಲಿ ಗೋಲಿ ಆಡುವಾಗಲೇ ಉದುರಿಹೋಗಿದೆ. ಊರು ಕೆಜಿಎಫ್, ಆಂಡರ್ಸನ್‌ಪೇಟೆ. ಕಸುಬು ವೆಲ್ಡಿಂಗ್. ಹನ್ನೊಂದು ವರ್ಷ ಕುವೈತಿನಲ್ಲಿ ಇದ್ದು ಬಂದ. ಕೊಲ್ಲಿಗೆ ಹೋದವರು ಚಿನ್ನ ತರುತ್ತಾರೆ, ಸೆಂಟು ತರುತ್ತಾರೆ, ದಪ್ಪ ಕಂಬಳಿ ತರುತ್ತಾರೆ. ನಮ್ಮ ಮಾವ ತಂದದ್ದು ಕೆಂಡದ ಮೇಲೆ ಮಾಂಸ ಸುಡುವ ಚಟ ಮತ್ತು ಈ ಗೋಡೆಯ ಹುಚ್ಚು. ಎರಡಕ್ಕೂ ಮೂಲ ಒಂದೇ. ಅದನ್ನು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು, ಅದು ಬರುವ ತನಕ ಬೇರೆ ಮಾತಾಡುತ್ತೇನೆ.

ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ದೊಡ್ಡಮ್ಮನ ಮಗ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಪುರೋಹಿತರು ಹೋಮಕ್ಕೆ ತುಪ್ಪ ಸುರಿದು ಸ್ವಾಹಾ ಎಂದರೋ ಇಲ್ಲವೋ, ಮಾವ ಎದ್ದು ನಿಂತ.

"ಸ್ವಾಮಿ, ಇದ್ನ ಆಚೆ ಅಂಗಳಕ್ಕೆ ಮಡಿಕ್ಕೊಳ್ಳಿ. ಒಳಗೆ ಬ್ಯಾಡ."

"ಅಂಗಳದಲ್ಲೇ ಗೃಹಪ್ರವೇಶ ಮಾಡೋದಾಗಿದ್ರೆ ಮನೆ ಯಾಕಯ್ಯಾ ಕಟ್ಟಬೇಕಿತ್ತು?" ಪುರೋಹಿತರು ಕಣ್ಣುಜ್ಜಿಕೊಳ್ಳುತ್ತಾ ಕೇಳಿದರು.

ಕಿಟಕಿಗಳು ಆಗಲೇ ತೆರೆದಿದ್ದವು. ಮಾವನಿಗೆ ಅದು ಸಾಲದು. ಹತ್ತು ನಿಮಿಷದಲ್ಲಿ ಸ್ಕ್ರೂ ಬಿಚ್ಚಿ, ಎರಡು ಕಿಟಕಿಯ ಹೊಸ ಗಾಜಿನ ಬಾಗಿಲುಗಳನ್ನು ಹೊತ್ತು ತಂದು ಕಾಂಪೌಂಡಿಗೆ ಒರಗಿಸಿದ. ಆ ಮನೆಗೆ ಲಕ್ಷ್ಮಿ ಬಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದು ಮಧ್ಯಾಹ್ನವೇ ಕೋತಿಗಳು ಬಂದು ಹಣ್ಣಿನ ಬುಟ್ಟಿ ಖಾಲಿ ಮಾಡಿಕೊಂಡು ಹೋದವು!

ಇನ್ನು ಭಾನುವಾರದ ಸುಡುವ ಸಮಾರಂಭ. ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ, ನಾಲ್ಕು ಕಾಲು ಬೆಸೆದು, ಮೇಲೆ ಕಂಬಿಯ ಜಾಲರಿ ಹಾಸಿ ತಾನೇ ಮಾಡಿದ ಒಲೆ ಅದು. ಅದರ ಸ್ಥಾನ ಬೀದಿಯ ನಡುವೆ. ಆಟೋದವರು ಬೈದುಕೊಂಡು ಸುತ್ತಿ ಹೋಗುತ್ತಾರೆ. ಒಮ್ಮೆ ಕೋಳಿ ಅರ್ಧ ಬೆಂದಿರುವಾಗ ಮಳೆ ಶುರುವಾಯಿತು.

"ಮಾವ, ಜಗಲಿ ಮೇಲಕ್ಕೆ ಎಳ್ಕಳಾಣ" ಎಂದೆ.

"ಜಗ್ಲಿಗೆ ಸೂರಿಲ್ವೇನ್ಲಾ? ಸೂರಿರೋ ಕಡೆ ನಾನು ಕೆಂಡ ಮಡಗಾಕಿಲ್ಲ. ಕೊಡೆ ಇಡ್ಕಳ್ರಿ."

ಕೊಡೆ ಇದ್ದದ್ದು ಎರಡು. ಎರಡನ್ನೂ ಡ್ರಮ್ಮಿಗೆ ಹಿಡಿಸಿದ. ಕೊನೆಗೆ ಕೋಳಿ ಗರಿಗರಿಯಾಗಿತ್ತು, ನೆಂಟರು ತೊಪ್ಪೆಯಾಗಿದ್ದರು.

ತಿಂದು ಮುಗಿದ ಮೇಲೆ ಇನ್ನೊಂದು ಗಂಟೆ ಕೆಂಡದ ತಿಥಿ. ಮೂರು ಬಕೆಟ್ ನೀರು ಸುರಿಯುತ್ತಾನೆ. ಕೋಲಿನಿಂದ ಕಲಕುತ್ತಾನೆ. ಆಮೇಲೆ ಒಂದೊಂದೇ ಇದ್ದಿಲನ್ನು ಆರಿಸಿ, ಕೆನ್ನೆಗೆ ಒತ್ತಿ, ತಣ್ಣಗಿದೆ ಎಂದು ಖಾತ್ರಿಯಾದರೆ ಮಾತ್ರ ಪಕ್ಕಕ್ಕಿಡುತ್ತಾನೆ. ಎದ್ದು ಬರುವಾಗ ಮುಖವೆಲ್ಲ ಮಸಿ. ಮರುದಿನ ನಮ್ಮ ಅತ್ತೆ ಆ ಒದ್ದೆ ಇದ್ದಿಲನ್ನು ತಾರಸಿಯ ಮೇಲೆ ಹರಡುತ್ತಾಳೆ. "ಬ್ಯಾರೇರ ಮನೇಲಿ ಅಪ್ಪಳ ಒಣ್ಗಾಕ್ತಾರೆ, ನಾನು ಇದ್ಲು ಒಣ್ಗಾಕ್ತೀನಿ. ನನ್ ಹಣೇಲಿ ಬರ್ದಿದ್ದು ಇದೇಯಾ" ಎನ್ನುತ್ತಾಳೆ.

ನೀವು ನಕ್ಕಿರಿ. ಪರವಾಗಿಲ್ಲ, ಬೀದಿಯೆಲ್ಲ ನಗುತ್ತದೆ. ಈ ಹುಚ್ಚಿನ ಕಾರಣ ಮೊನ್ನೆಮೊನ್ನೆಯವರೆಗೆ ಗೊತ್ತಿದ್ದದ್ದು ಮಾವನಿಗೆ ಮತ್ತು ನನಗೆ, ಇಬ್ಬರಿಗೇ. ನಿಜವಾಗಿ ಗೊತ್ತಾಗಬೇಕಾಗಿದ್ದವಳು ಬಂಗಾರಪೇಟೆಯಲ್ಲಿದ್ದಳು. ಹೆಸರು ರತ್ನಮ್ಮ. ಅವಳಿಗೆ ಹೇಗೆ ಹೇಳುವುದು ಎನ್ನುವುದರಲ್ಲೇ ಮಾವನ ಆರು ವರ್ಷ ಹೋಯಿತು.

ಕುವೈತಿನಲ್ಲಿ ಕೊನೆಯ ಎರಡು ವರ್ಷ ನಾನೂ ಮಾವನ ಜೊತೆ ಇದ್ದೆ. ಮರಳಿನ ನಡುವೆ ನಮ್ಮ ಕ್ಯಾಂಪು. ತಗಡಿನ ಡಬ್ಬಿಗಳಂಥ ಕೋಣೆಗಳು, ಕೋಣೆಗೆ ಮೂರು ಮಂಚ. ನಮ್ಮ ಕೋಣೆಯಲ್ಲಿ ಮಾವ, ನಾನು, ಮತ್ತು ಬಂಗಾರಪೇಟೆಯ ಸೀನ. ಸೀನ ಮಾವನ ಜೊತೆ ವೆಲ್ಡಿಂಗ್ ಕಲಿತವನು, ಜೊತೆಗೇ ವಿಮಾನ ಹತ್ತಿದವನು. ರತ್ನಮ್ಮ ಅವನ ಹೆಂಡತಿ.

ಶುಕ್ರವಾರ ರಜ. ಅವತ್ತು ನಮ್ಮ ಕೋಣೆಯ ಮುಂದೆ ಡ್ರಮ್ಮಿನ ಒಲೆ ಹೊತ್ತುತ್ತಿತ್ತು. ಕೇರಳದವನೊಬ್ಬ ಮೀನು ತರುತ್ತಿದ್ದ, ಕಡಪದವನು ಮೆಣಸಿನಕಾಯಿ, ಪೆಶಾವರದ ಲಾರಿ ಡ್ರೈವರ್ ಒಬ್ಬ ಕುರಿಯ ತೊಡೆ. ಮಾವ ಹಸಿಮೆಣಸು, ಪುದೀನ, ನಿಂಬೆರಸ ಅರೆದು ಕೋಳಿಗೆ ಮೆತ್ತಿ ಕೆಂಡದ ಮುಂದೆ ಕೂತನೆಂದರೆ ಆಯಿತು. ತುಂಡು ತಿರುವುವಾಗ ಕನ್ನಡ, ಬೆಂಕಿಯನ್ನು ಬೈಯುವಾಗ ತಮಿಳು, ಉಪ್ಪು ಸಾಲದು ಎಂದಾಗ ತೆಲುಗು. ನಿಮ್ಮೂರಿನ ಕೋಳಿ ಬೇಯುವುದಕ್ಕೆ ಮೂರು ಭಾಷೆ ಬೇಕಾ ಎಂದು ಪೆಶಾವರದವನು ಕೇಳುತ್ತಿದ್ದ.

ಸೀನನಿಗೆ ಮುದ್ದೆ ಇಲ್ಲದೆ ಗಂಟಲಲ್ಲಿ ಏನೂ ಇಳಿಯದು. ಊರಿನಿಂದ ಬರುವವರೆಲ್ಲ ಅವನಿಗೆ ರಾಗಿಹಿಟ್ಟು ಹೊತ್ತು ತರಬೇಕು. ಮಿಕ್ಕ ಮುದ್ದೆಯನ್ನು ಅಂಗೈಯಲ್ಲಿ ತಟ್ಟಿ ಕೋಳಿಯ ಪಕ್ಕದಲ್ಲೇ ಜಾಲರಿಯ ಮೇಲೆ ಸುಡುತ್ತಿದ್ದ. ಪೆಶಾವರದವನು ಅದನ್ನು ಬೆರಳಿನಿಂದ ಒತ್ತಿ ನೋಡಿ, ಇದು ಯಾವ ಪ್ರಾಣಿಯ ಯಾವ ಭಾಗ ಎಂದು ವಿಚಾರಿಸಿದ. ನಮ್ಮ ಕಡೆಯ ಪ್ರಾಣಿ, ಮೂಳೆ ಇರುವುದಿಲ್ಲ ಎಂದು ಸೀನ ತನ್ನ ಹರಕು ಹಿಂದಿಯಲ್ಲಿ ಗಂಭೀರವಾಗಿ ತಿಳಿಸಿದ. ಪಾಪ, ಆ ಮನುಷ್ಯ ನಂಬಿ ಎರಡು ತಿಂದ!

ಮರಳುಗಾಡಿನಲ್ಲಿ ಚಳಿ ಇರುವುದಿಲ್ಲ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅವರು ಜನವರಿಯಲ್ಲಿ ಅಲ್ಲಿ ಮಲಗಿಲ್ಲ. ಅಂಥ ಒಂದು ಶುಕ್ರವಾರ ಸೀನನಿಗೆ ಜ್ವರ. ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದ, ಒಂದು ತುಂಡೂ ತಿನ್ನಲಿಲ್ಲ. ಹಗಲಿಗೆ ರಜ ಮುಗಿದು ಮಾವನಿಗೂ ನನಗೂ ಅಂದು ರಾತ್ರಿಯಿಂದಲೇ ಪಾಳಿ. ಸಂಜೆ ಹೊರಡುವ ಹೊತ್ತಿಗೆ ಡ್ರಮ್ಮಿನಲ್ಲಿ ಇನ್ನೂ ಒಳ್ಳೆಯ ಕೆಂಡವಿತ್ತು.

"ಸುಮ್ಕೆ ಯಾಕೆ ಆರಿಸ್ಬೇಕು?" ಎಂದ ಮಾವ. ಕೆಂಡವನ್ನು ಒಂದು ತಗಡಿನ ಬಾಣಲೆಗೆ ತುಂಬಿ ಸೀನನ ಮಂಚದ ಪಕ್ಕಕ್ಕೆ ಇಟ್ಟ. ಏಸಿ ಪೈಪು ಹೋಗುವ ತೂತಿನಿಂದ ಚಳಿಗಾಳಿ ಸುಯ್ಯೆಂದು ಒಳಗೆ ಬರುತ್ತಿತ್ತು. ಆ ತೂತಿಗೆ ಹಳೆಯ ಟವೆಲ್ ತುರುಕಿದವನು ನಾನು. "ಬೆಳಿಗ್ಗೆ ಬತ್ತಾ ಬ್ರೆಡ್ಡು ತಗಂಬನ್ರಪ್ಪ" ಎಂದು ಸೀನ ಗೋಡೆಯ ಕಡೆಗೆ ಹೊರಳಿದ.

ಇದನ್ನು ಓದಿ ಎಂಥ ದಡ್ಡರಪ್ಪಾ ಎಂದುಕೊಳ್ಳುತ್ತೀರಿ. ನಾವು ಗಣಿಯ ಲೈನ್ ಮನೆಗಳಲ್ಲಿ ಬೆಳೆದವರು. ಡಿಸೆಂಬರಿನ ಚಳಿಗೆ ನಮ್ಮಜ್ಜಿ ಇದ್ದಿಲಿನ ಕುಂಪಟಿಯನ್ನು ದಿನಾ ಒಳಗಿಟ್ಟು ನಮ್ಮನ್ನೆಲ್ಲ ಸುತ್ತ ಮಲಗಿಸುತ್ತಿದ್ದಳು. ಏನೂ ಆಗುತ್ತಿರಲಿಲ್ಲ. ಯಾಕೆಂದರೆ ಆ ಗೋಡೆ ಬಿದಿರು ತಟ್ಟಿಯದು, ಸೂರು ತೂತು ಬಿದ್ದ ತಗಡಿನದು. ಪಕ್ಕದ ಮನೆಯ ಗಂಡ ಹೆಂಡಿರ ಜಗಳದ ಜೊತೆಗೆ ಗಾಳಿಯೂ ಧಾರಾಳವಾಗಿ ಬರುತ್ತಿತ್ತು. ನಮ್ಮ ಜೀವ ಉಳಿಸಿದ್ದು ನಮ್ಮ ಬಡತನದ ಗೋಡೆ ಎನ್ನುವುದು ನಮಗೆ ಗೊತ್ತಿರಲಿಲ್ಲ. ಕುವೈತಿನ ಗೋಡೆಯಲ್ಲಿ ಇದ್ದದ್ದು ಒಂದೇ ತೂತು.

ಬೆಳಿಗ್ಗೆ ಆರೂವರೆಗೆ ಬ್ರೆಡ್ ಹಿಡಿದು ಬಂದೆವು. ಸೀನ ಮಲಗಿದ್ದ. ಕೆನ್ನೆ, ತುಟಿ ಕೆಂಪಾಗಿದ್ದವು. ಜ್ವರ ಬಿಟ್ಟು ಕಳೆ ಬಂದಿದೆ ಎಂದುಕೊಂಡೆವು. ಮಾವ ಬ್ರೆಡ್ಡನ್ನು ಅವನ ತಲೆದೆಸೆಗಿಟ್ಟು ಸ್ನಾನಕ್ಕೆ ಹೋದ. ಸ್ನಾನ ಮುಗಿಸಿ ಬಂದು ಎಬ್ಬಿಸಲು ಮುಟ್ಟಿದಾಗಲೇ ತಿಳಿದದ್ದು.

ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಕುಡಿದು ಪ್ರತಿ ಚಳಿಗಾಲದಲ್ಲೂ ಹೀಗೆ ನಾಲ್ಕಾರು ಜನ ಹೋಗುತ್ತಾರೆ ಎಂದು ಅಲ್ಲಿಯ ಪೊಲೀಸರು ಬರೆದುಕೊಂಡು ಹೋದರು. ರತ್ನಮ್ಮನಿಗೆ ಫೋನ್ ಮಾಡಿದವನು ಮಾವ. ಏನಾಯಿತಣ್ಣಾ ಎಂದು ಅವಳು ಕೇಳಿದಾಗ ಇವನ ಬಾಯಿಂದ "ಆರ್ಟು ಕಣಮ್ಮ, ಎದೆನೋವು" ಎಂದು ಬಂದುಬಿಟ್ಟಿತು. ಹೆಣದ ಜೊತೆಗೆ ಬಂದ ಕಾಗದ ಅರಬ್ಬಿಯಲ್ಲಿತ್ತು. ಅವಳು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಊರಿಗೆ ಬಂದ ಮೇಲೆ ಸತ್ಯ ಹೇಳಿಯೇ ತೀರುತ್ತೇನೆ ಎಂದು ಮಾವ ರೈಲು ಹತ್ತಿ ಬಂಗಾರಪೇಟೆಗೆ ಹೋದ. ಹೋಗಿ ನೋಡಿದರೆ ರತ್ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ! ಸಣ್ಣ ಕೋಣೆ, ಕಿಟಕಿಯಿಲ್ಲ, ನಡುವೆ ನಿಗಿನಿಗಿ ಕೆಂಡದ ಇಸ್ತ್ರಿ ಪೆಟ್ಟಿಗೆ. ಕೆಲಸ ಮುಗಿದ ಮೇಲೆ ಅಲ್ಲೇ ಚಾಪೆ ಹಾಸಿ ಮಲಗುತ್ತಾಳೆ. ಮಾವ ಬಂದ ವಿಷಯವನ್ನೇ ಮರೆತು ಬೆವರಿದ. ಎರಡನೆಯ ಸಲ ಹೋಗುವಾಗ ಸುತ್ತಿಗೆ, ಉಳಿ ಒಯ್ದ. ಅವಳು ಬಟ್ಟೆ ಕೊಡಲು ಹೋಗಿದ್ದಾಗ ಹಿಂಗೋಡೆಗೆ ಮುಂಡಾಸು ತೂರುವಷ್ಟು ತೂತು ಕೊರೆದ. ಮನೆಯ ಮಾಲೀಕ ಬಂದು ಕುಣಿದಾಡಿದ. "ಗಾಳಿಗೆ ಕಣಣ್ಣ" ಎಂದನಂತೆ ಮಾವ. ಗಾಳಿ ಬಂತು, ಧೂಳೂ ಬಂತು, ಹಿಂದೆಯೇ ಬೆಕ್ಕೂ ಬಂತು. ಒಬ್ಬ ಹೆಡ್‌ಮಾಸ್ಟರರ ಬಿಳಿ ಅಂಗಿಯ ಮೇಲೆ ನಾಲ್ಕು ಮರಿ ಹಾಕಿತು.

ಆಮೇಲೆ ಆರು ವರ್ಷ ಇದೇ ನಡೆಯಿತು. ತಿಂಗಳಿಗೊಮ್ಮೆ ಹೋಗುವುದು, ಸುಟ್ಟ ಕೋಳಿಯ ಡಬ್ಬಿ ಕೊಡುವುದು, ತೂತಿಗೆ ಅಂಗೈ ಒಡ್ಡುವುದು, ಹೇಳಬೇಕಾದ್ದನ್ನು ನುಂಗಿಕೊಂಡು ವಾಪಸ್ ಬರುವುದು.

ಕಳೆದ ಡಿಸೆಂಬರಿನಲ್ಲಿ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯ ಬಾಗಿಲು ಮುಚ್ಚಿತ್ತು. ತಳ್ಳಿದೆವು. ಒಳಗೆ ಇದ್ದಿಲಿನ ವಾಸನೆ. ಹಿಂಗೋಡೆಯ ತೂತಿಗೆ ಹಲಗೆ ಬಡಿದು ಗೋಣಿ ತುರುಕಿತ್ತು. ರತ್ನಮ್ಮ ಶಾಲು ಹೊದ್ದು ಇಸ್ತ್ರಿ ಉಜ್ಜುತ್ತಿದ್ದಳು. ಮಾವ ನುಗ್ಗಿ ಹಲಗೆಯನ್ನು ಎರಡೂ ಕೈಯಿಂದ ಕೀಳತೊಡಗಿದ. ಮೊಳೆ ತಾಗಿ ಅಂಗೈ ರಕ್ತವಾಯಿತು.

"ಚಳಿ ತಡೆಯಾಕಾಗ್ದೆ ನಾನೇ ಮುಚ್ಚಿಸ್ದೆ ಕಣಣ್ಣ. ನಿಂಗ್ಯಾಕೆ ನನ್ ಗೋಡೆ ಮ್ಯಾಲೆ ಇಷ್ಟು ಆಟ? ಇವತ್ತು ಏಳ್ಬುಡು" ಎಂದಳು.

ಮಾವ ಗೋಡೆಯ ಕಡೆಗೆ ತಿರುಗಿಕೊಂಡೇ ಹೇಳಿದ. ಜ್ವರ ಹೇಳಿದ, ಚಳಿ ಹೇಳಿದ, ಬಾಣಲೆ ಹೇಳಿದ. "ಎದೆನೋವಲ್ಲ ತಾಯಿ, ಆ ಕೆಂಡದ ಗಾಳಿ. ಒಳಕ್ಕೆ ಮಡಗ್ದೋನು ನಾನು. ತೂತಿಗೆ ಬಟ್ಟೆ ತುರುಕ್ದೋನೂ ನಾನೇ."

ಆರು ವರ್ಷದಲ್ಲಿ ಆ ಟವೆಲಿನ ಮಾತನ್ನು ಮಾವ ಒಮ್ಮೆಯೂ ನನ್ನ ಮುಂದೆ ಎತ್ತಿರಲಿಲ್ಲ. ಮರೆತಿದ್ದಾನೆ ಎಂದುಕೊಂಡಿದ್ದೆ. ಇವನು ಅದನ್ನೂ ತನ್ನ ಪಾಲಿಗೆ ಹಾಕಿಕೊಂಡು ಓಡಾಡುತ್ತಿದ್ದ.

"ಇಲ್ಲಕ್ಕ, ಬಟ್ಟೆ ತುರುಕಿದ್ದು ನಾನು" ಎಂದೆ.

ರತ್ನಮ್ಮ ನಮ್ಮಿಬ್ಬರನ್ನೂ ನೋಡಲಿಲ್ಲ. ಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಕಮರಿತು. ಅವಳು ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಹೊರಗಿನ ಚಪ್ಪಡಿಯ ಮೇಲೆ ಇಟ್ಟು ಬಂದಳು. ಆಮೇಲೆ ಬಟ್ಟೆಗಳ ನಡುವೆ ಕೂತಳು.

"ಅಂಗಾರೆ ಎದೆ ನೋವು ಬರ್ಲೇ ಇಲ್ವಾ?"

"ಇಲ್ಲಮ್ಮ."

"ನೀರು ಅಂತ ಕೂಗ್ಲಿಲ್ವಾ?"

"ಇಲ್ಲ. ನಿದ್ದೇಲೇ ಇದ್ದ. ಮಲಗಿದ್ದಂಗೇ ಇದ್ದ."

"ಆರು ವರ್ಸದಿಂದ ದಿನಾ ಅವ್ನು ಎದೆ ಇಡ್ಕಂಡು ನನ್ನ ಕೂಗ್ತಾನೆ. ನಾನು ಇಲ್ಲಿಂದ್ಲೇ ನೀರು ತಗಂಡು ಓಡ್ತೀನಿ. ತಲ್ಪಾಕೇ ಆಗಾಕಿಲ್ಲ" ಎಂದು ಅವಳು ಮುಖಕ್ಕೆ ಸೆರಗು ಒತ್ತಿಕೊಂಡಳು. "ಯಾಕಣ್ಣ ಮೊದ್ಲೇ ಏಳ್ಲಿಲ್ಲ?"

ಅವಳನ್ನು ನೋವಿನಿಂದ ತಪ್ಪಿಸಲು ಹೇಳಿದ ಸುಳ್ಳು ಅವಳನ್ನು ಆರು ವರ್ಷ ಓಡಿಸಿತ್ತು.

ಅವಳು ಮುಖದಿಂದ ಸೆರಗು ತೆಗೆದು, "ಚಳಿ ಆಯ್ತಿರ್ಲಿಲ್ಲ ಅಲ್ವಾ ಅವ್ನಿಗೆ?" ಎಂದು ಕೇಳಿದಳು.

"ಇಲ್ಲ ತಾಯಿ. ಬೆಚ್ಚಗಿದ್ದ."

"ಇವತ್ತು ಓಗ್ರಿ. ಒಂದಷ್ಟು ದಿನ ನನ್ ಕಣ್ಣಿಗೆ ಬೀಳಬ್ಯಾಡಿ ಇಬ್ರೂವೆ." ಮೂಗು ಒರೆಸಿಕೊಂಡಳು. "ಆಮ್ಯಾಕೆ ಬನ್ನಿ. ಅಲ್ಲಿ ಅವ್ನು ಎಂಗಿದ್ದ, ಏನ್ ತಿಂತಿದ್ದ, ಯಾತಕ್ಕೆ ನಗ್ತಿದ್ದ, ಎಲ್ಲಾ ಕೂತ್ಕಂಡು ಏಳ್ಬೇಕು ನಂಗೆ."

ಮಾವ ಆಗಲಿ ಎಂದು ತಲೆಯಾಡಿಸಿ, ರಕ್ತದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗಿಳಿದ. ನಾನು ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೇಷನ್ನಿನವರೆಗೂ ಹಿಂದೆ ನಡೆದೆ.